ಗೋಡೆಯ ಕಡೆ ಮುಖ ಮಾಡಿದ ದೇವಿ

ಮನೆಯಲ್ಲಿ ಎಲ್ಲರೂ ತಂಗಿಯನ್ನು ರೇಡಿಯೋ ಎಂದೇ ಕರೆಯುತ್ತಿದ್ದರು. ಮಾತು ಕಲಿತ ದಿನದಿಂದ ಅವಳು ಅದನ್ನು ನಿಲ್ಲಿಸಿದ್ದೇ ಇಲ್ಲ. ಮುಂದೆ ಆ ಮಾತೇ ಅವಳಿಗೆ ಅನ್ನ ಹಾಕಿತು. ಒಂದು ವಿಡಿಯೊ ಗೇಮಿನ ಪುರಾಣವನ್ನು ಬಿಡಿಸಿ ಹೇಳುವ ಚಾನೆಲ್ ಅವಳದು. ಆಟ ಗೆಲ್ಲುವುದು ಹೇಗೆ ಎಂದು ಅವಳು ಹೇಳಿಕೊಡುತ್ತಿರಲಿಲ್ಲ. ಆ ಆಟದೊಳಗಿನ ಜಗತ್ತು ಹೇಗೆ ಹುಟ್ಟಿತು, ಅಲ್ಲಿನ ದೇವರುಗಳು ಯಾರು, ಯಾರು ಯಾರಿಗೆ ಏನು ಮಾಡಿದರು ಎನ್ನುವುದಷ್ಟೇ ಅವಳ ವಿಷಯ. ಅದನ್ನು ಕೇಳುವವರೂ ಸಾಕಷ್ಟಿದ್ದರು. ಹೀಗಿರುವಾಗ ಅವಳ ಗಂಟಲಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಡಾಕ್ಟರು ಅದನ್ನು ತೆಗೆದರು, ಕೆಟ್ಟದ್ದೇನಲ್ಲ ಎಂದರು, ಆದರೆ ತಾವು ಹೇಳುವವರೆಗೆ ಪಿಸುಮಾತೂ ಆಡಕೂಡದೆಂದು ಬಾಯಿಗೆ ಬೀಗ ಜಡಿದು ಕಳಿಸಿದರು.

ಸರಣಿಯ ಕೊನೆಯ ಕೆಲವು ಕಂತುಗಳು ಬಾಕಿ ಇದ್ದವು. ಬರೆದು ಮುಗಿದಿತ್ತು, ಓದುವವರು ಬೇಕಿತ್ತು. ರೇಡಿಯೋ ಅಕ್ಕನ ಮನೆಗೆ ಬಂದು ಫೋನಿನಲ್ಲಿ ಟೈಪ್ ಮಾಡಿ ತೋರಿಸಿದಳು: ‘ನೀನೇ ಓದು. ಭಾವ ಗೀವ ಏನೂ ಬೇಡ. ಅಕ್ಷರ ತಪ್ಪದಿದ್ದರೆ ಸಾಕು.’

ತೋರಿಸಿದ ಮೇಲೆ ಆ ಪದ ಎರಡು ಕಡೆ ಕುಯ್ಯುತ್ತದೆಂದು ಹೊಳೆದು ನಾಲಿಗೆ ಕಚ್ಚಿಕೊಂಡಳು. ಭಾವ ಎಂದರೆ ಅವಳಿಗೆ ಅಕ್ಕನ ಗಂಡನೂ ಹೌದು. ಅವನು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಅಕ್ಕ ಪದವನ್ನೂ ನೋಡಿದಳು, ತಂಗಿಯ ಮುಖವನ್ನೂ ನೋಡಿದಳು. ಅವಳಿಗೆ ಏನೂ ಅನ್ನಿಸಲಿಲ್ಲ. ಆಗಲಿ ಎಂದಳು.

ಅಕ್ಕನಿಗೆ ಕೆಲವು ತಿಂಗಳಿಂದ ಯಾವುದೂ ಏನೂ ಅನ್ನಿಸುತ್ತಿರಲಿಲ್ಲ. ಅವಳದು ಕಟ್ಟಿಸಿಕೊಳ್ಳುವ ಹಲ್ಲು ತಯಾರಿಸುವ ಕೆಲಸ. ದಂತವೈದ್ಯರು ಕಳಿಸಿದ ದವಡೆಯ ಅಚ್ಚಿನ ಮೇಲೆ ಮೇಣ ಕೂರಿಸಿ, ಒಂದೊಂದೇ ಹಲ್ಲು ಜೋಡಿಸಿ, ಕಚ್ಚಿದರೆ ಮೇಲಿನದು ಕೆಳಗಿನದಕ್ಕೆ ಸರಿಯಾಗಿ ಕೂರುತ್ತದೆಯೇ ಎಂದು ನೋಡುವುದು. ಗಂಡನಿಗೆ ಕನ್ನಡಕದ ಅಂಗಡಿ ಇತ್ತು. ಒಂದು ಮಧ್ಯಾಹ್ನ ಕೌಂಟರಿನ ಹಿಂದೆ ಯಾರದೋ ಗಾಜು ಒರೆಸುತ್ತಾ ಒರೆಸುತ್ತಾ ಕುಸಿದವನು ಏಳಲಿಲ್ಲ. ಅಕ್ಕ ಆಸ್ಪತ್ರೆಗೆ ಹೋದಳು, ಸಹಿ ಹಾಕಿದಳು, ಬಂದವರನ್ನು ಕೂರಿಸಿದಳು, ಹೋದವರನ್ನು ಬಾಗಿಲ ತನಕ ಬಿಟ್ಟುಬಂದಳು. ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಮರುವಾರ ಕೆಲಸಕ್ಕೆ ಹೋದಳು. ಗಟ್ಟಿಗಿತ್ತಿ ಎಂದು ಕೆಲವರು ಹೊಗಳಿದರು, ಕಲ್ಲು ಎಂದು ಕೆಲವರು ಆಡಿಕೊಂಡರು. ಎರಡೂ ಅವಳ ಕಿವಿಗೆ ಬಿದ್ದವು. ಎರಡನ್ನೂ ಅವಳು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ.

ಅತ್ತೆ, ಅಂದರೆ ಗಂಡನ ತಾಯಿ, ಅವಳ ಜೊತೆಯಲ್ಲೇ ಇದ್ದರು. ಮಗ ಹೋದಾಗ ಎದೆ ಬಡಿದುಕೊಂಡು ಅತ್ತ ಜೀವ ಅದು. ಆಮೇಲೆ ಅವರ ಮಾತೂ ಕಮ್ಮಿಯಾಯಿತು. ಊಟಕ್ಕೆ ಬಾ, ಬಾಗಿಲು ಹಾಕು, ಬಟ್ಟೆ ಒಣಗಿದೆ. ಸೊಸೆ ಅತ್ತೆಯರ ನಡುವೆ ಇಷ್ಟೇ ಓಡಾಡುತ್ತಿತ್ತು. ಜಗಳ ಇರಲಿಲ್ಲ. ಜಗಳಕ್ಕೂ ಒಂದಿಷ್ಟು ಬಿಸಿ ಬೇಕಲ್ಲ.

ತಂಗಿಯ ಬಾಡಿಗೆ ಕೋಣೆಯ ಎದುರಿಗೆ ಕಟ್ಟಡ ಏಳುತ್ತಿದ್ದರಿಂದ ಅಲ್ಲಿ ರೆಕಾರ್ಡಿಂಗ್ ಸಾಧ್ಯವಿರಲಿಲ್ಲ. ಅಕ್ಕನ ಮನೆಯಲ್ಲಿ ಎಲ್ಲಿ ಕೂತರೂ ಧ್ವನಿ ಗೋಡೆಗೆ ಬಡಿದು ವಾಪಸ್ ಬರುತ್ತಿತ್ತು. ಕೊನೆಗೆ ರೇಡಿಯೋ ಮಲಗುವ ಕೋಣೆಯ ದೊಡ್ಡ ಬೀರು ತೆಗೆದು, ಒಳಗೆ ನೇತುಬಿದ್ದಿದ್ದ ಗಂಡಸರ ಅಂಗಿ ಕೋಟುಗಳ ನಡುವೆ ಮೈಕ್ ಸಿಕ್ಕಿಸಿ, ತಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಅಲ್ಲೇ ಕೂರು ಎಂದು ಅಕ್ಕನಿಗೆ ಕೈಸನ್ನೆ ಮಾಡಿದಳು. ಧ್ವನಿ ಚೊಕ್ಕವಾಗಿ ಬಂತು. ‘ಭಾವನ ಕೋಟು ಒಳ್ಳೆ ಕೆಲಸ ಮಾಡ್ತಿದೆ’ ಎಂದು ಟೈಪ್ ಮಾಡಿದಳು, ತೋರಿಸದೆ ಅಳಿಸಿದಳು. ಅಷ್ಟರಲ್ಲಿ ಅಕ್ಕ ಅದನ್ನು ನೋಡಿಬಿಟ್ಟಿದ್ದಳು. ಬಟ್ಟೆಯನ್ನು ಯಾರಿಗಾದರೂ ಕೊಡಬೇಕೆಂದು ಎಲ್ಲರೂ ಹೇಳಿದ್ದರು. ಕೊಡಲು ಅವಳಿಗೆ ದುಃಖವೇನೂ ಅಡ್ಡ ಬಂದಿರಲಿಲ್ಲ, ಎದ್ದು ಹೋಗಿ ಕಟ್ಟುವ ಮನಸ್ಸಾಗಿರಲಿಲ್ಲ, ಅಷ್ಟೇ.

ಆ ಆಟದ ಪುರಾಣ ಒಂದೇ ಕಡೆ ಸಿಗುವಂಥದ್ದಲ್ಲ. ಒಡೆದ ಮಡಕೆಯ ಮೇಲೆ ಒಂದು ಸಾಲು, ಯಾವುದೋ ಕತ್ತಿಯ ಹಿಡಿಯ ಮೇಲೆ ಇನ್ನೊಂದು, ದಾರಿಯಲ್ಲಿ ಸಿಗುವ ಮುದುಕಿಯ ಗೊಣಗಾಟದಲ್ಲಿ ಮತ್ತೊಂದು. ಮೊದಲು ಬರೀ ಉಪ್ಪುನೀರಿತ್ತು ಎನ್ನುವಲ್ಲಿ ಎಲ್ಲರೂ ಒಪ್ಪುತ್ತಾರೆ. ಅಲ್ಲಿಂದಾಚೆ ಒಬ್ಬೊಬ್ಬರದು ಒಂದೊಂದು ರಾಗ. ದೇವಿ ನೊರೆಯನ್ನು ನಾದಿ ನೆಲ ಮಾಡಿದಳು ಎನ್ನುತ್ತಾರೆ ಬೆಸ್ತರು. ಉಪ್ಪಿನ ದೊರೆ ಮಲಗಿದ್ದಾಗ ಅವನ ಹಾಸಿಗೆಯಡಿಯಿಂದ ನೆಲ ಕದ್ದಳು ಎನ್ನುತ್ತಾರೆ ಕೋಟೆಯ ಪೂಜಾರಿಗಳು. ಮಕ್ಕಳು ಕುಣಿಯುತ್ತಾ ಹೇಳುವ ಹಾಡಿನಲ್ಲಿ ದೇವರು ಇಬ್ಬರಲ್ಲ, ಮೂವರು. ಮೂರನೆಯವನು ಎಲ್ಲಿ ಹೋದನೆಂದು ಹಾಡು ಹೇಳುವುದಿಲ್ಲ. ಪ್ರತಿ ದ್ವೀಪದಲ್ಲೂ ದೇವಿಯ ಗುಡಿ, ಪ್ರತಿ ಗುಡಿಯಲ್ಲೂ ಗೋಡೆಯ ಕಡೆ ಮುಖ ಮಾಡಿ ನಿಂತ ವಿಗ್ರಹ. ಮುಂದಿನಿಂದ ನೋಡೋಣವೆಂದರೆ ನಡುವೆ ನುಸುಳಲು ಜಾಗವಿಲ್ಲ. ಆಟಗಾರರು ಅವಳಿಗೆ ಬೆನ್ನುದೇವಿ ಎಂದು ಹೆಸರಿಟ್ಟಿದ್ದರು. ಯಾಕೆ ಹಾಗೆ ನಿಂತಳು ಎನ್ನುವುದೇ ದೊಡ್ಡ ತಕರಾರು. ರೇಡಿಯೋಗೆ ಪೈಪೋಟಿ ಕೊಡುವ ಇನ್ನೊಂದು ಚಾನೆಲಿನವನು, ಗಡ್ಡ ಎಂದು ಎಲ್ಲರೂ ಕರೆಯುವವನು, ಅದು ಸಿಟ್ಟು, ಮನುಷ್ಯರು ಹಾಳಾದದ್ದಕ್ಕೆ ಸಿಟ್ಟು ಎಂದು ವಾದಿಸುತ್ತಿದ್ದ.

ಅಕ್ಕ ಬೀರುವಿನಲ್ಲಿ ಕೂತು ಏರಿಳಿತವಿಲ್ಲದೆ ಓದಿದಳು. ಮೊದಲ ಕಂತು ಹೊರಗೆ ಬಿದ್ದಾಗ, ಹಳೆಯ ಧ್ವನಿ ಎಲ್ಲಿ ಎಂದು ಕೇಳಿದವರು ಕೆಲವರೇ. ಉಳಿದವರಿಗೆ ಈ ಸಪ್ಪೆ ಧ್ವನಿ ಹಿಡಿಸಿತ್ತು. ದೇವಿಯೇ ಮಾತಾಡಿದ ಹಾಗಿದೆ ಎಂದು ಯಾರೋ ಕಾಮೆಂಟ್ ಹಾಕಿದ್ದರು. ಇದನ್ನು ಓದಿ ರೇಡಿಯೋ ಸದ್ದಿಲ್ಲದೆ ನಕ್ಕಳು. ನಾನು ಗಂಟಲು ಹರಿದುಕೊಂಡು ವರ್ಷಗಟ್ಟಲೆ ಮಾಡಿದ್ದನ್ನು ನೀನು ಆಕಳಿಸುತ್ತಾ ಮಾಡಿದೆಯಲ್ಲ ಎಂದು ಬರೆದು ತೋರಿಸಿದಳು.

ಎರಡನೆಯ ಕಂತಿನ ಹೊತ್ತಿಗೆ ಅತ್ತೆ ಬಂದು ಹಾಸಿಗೆಯ ಅಂಚಿನಲ್ಲಿ ಕೂತುಕೊಳ್ಳತೊಡಗಿದರು. ಮೊದಮೊದಲು ಬಟ್ಟೆ ಮಡಿಸುವ ನೆಪ. ಆಮೇಲೆ ನೆಪವೂ ಬೇಕಾಗಲಿಲ್ಲ. ಒಂದು ಸಂಜೆ ಊಟದ ಹೊತ್ತಿನಲ್ಲಿ, ಆ ಮೂರನೆಯವನು ಏನಾದ ಎಂದು ಕೇಳಿದರು. ಎಷ್ಟೋ ತಿಂಗಳಲ್ಲಿ ಅವರು ಸೊಸೆಯನ್ನು ಕೇಳಿದ ಮೊದಲ ಪ್ರಶ್ನೆ ಅದು. ಇನ್ನೂ ಓದಿಲ್ಲ ಎಂದಳು ಅಕ್ಕ. ಅದು ಸುಳ್ಳು. ಕೊನೆಯ ಕಂತನ್ನು ಅವಳು ಆಗಲೇ ಓದಿದ್ದಳು. ಅದರಲ್ಲಿ ತಂಗಿ ತನ್ನ ಅರ್ಥವನ್ನು ಬಿಚ್ಚಿಟ್ಟಿದ್ದಳು: ಮೂರನೆಯವನು ಉಪ್ಪಿನ ದೊರೆಗೂ ದೇವಿಗೂ ಹುಟ್ಟಿದ ಮಗ, ನೆಲ ಅಂಟಿ ನಿಲ್ಲದಿದ್ದಾಗ ದೇವಿ ಅವನನ್ನೇ ಅದರಲ್ಲಿ ಕಲೆಸಿಬಿಟ್ಟಳು, ಆ ನಾಚಿಕೆಗೆ ಲೋಕಕ್ಕೆ ಬೆನ್ನು ತಿರುಗಿಸಿದಳು. ಮಗನನ್ನು ಕಳೆದುಕೊಂಡವರ ಎದುರಿಗೆ ಇದನ್ನು ಓದುವುದು ಹೇಗೆ? ಆ ಕಂತಿನ ದಿನ ಅತ್ತೆಯನ್ನು ಹೊರಗೆ ಎಲ್ಲಾದರೂ ಕರೆದುಕೊಂಡು ಹೋಗಲು ಆಗುತ್ತದೆಯೇ ಎಂದು ತಂಗಿಯನ್ನು ಕೇಳಿದಳು. ಮೈಕ್ ನೋಡಿಕೊಳ್ಳುವವರು ಯಾರು ಎಂದು ರೇಡಿಯೋ ಕೈ ತಿರುಗಿಸಿದಳು.

ಅಷ್ಟರಲ್ಲಿ ಅಕ್ಕ ರಜೆಯ ದಿನಗಳಲ್ಲಿ ತಾನೇ ಆಟದೊಳಗೆ ಓಡಾಡಲು ಶುರುಮಾಡಿದ್ದಳು. ಯಾರೊಂದಿಗೂ ಹೊಡೆದಾಡುತ್ತಿರಲಿಲ್ಲ. ದಡದಲ್ಲಿ ನಡೆಯುತ್ತಿದ್ದಳು, ಬೆಸ್ತರ ಮಾತು ಕೇಳುತ್ತಿದ್ದಳು, ಗುಡಿಗೆ ಹೋಗಿ ಆ ಬೆನ್ನಿನ ಹಿಂದೆ ಸುಮ್ಮನೆ ನಿಂತು ಬರುತ್ತಿದ್ದಳು. ಅದರಿಂದ ಅವಳಿಗೆ ಸಂತೋಷವಾಗುತ್ತಿತ್ತು ಎಂದರೆ ತಪ್ಪಾಗುತ್ತದೆ. ಬೇಸರ ಆಗುತ್ತಿರಲಿಲ್ಲ ಎನ್ನಬಹುದು.

ಕೊನೆಯ ಕಂತಿನ ದಿನ ಅತ್ತೆ ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದರು. ಅಕ್ಕ ಓದಿದಳು. ಮಗ ಎನ್ನುವ ಮಾತು ಬಂದಾಗ ನಿಲ್ಲಿಸಲಿಲ್ಲ, ಅತ್ತೆಯ ಕಡೆ ನೋಡಲೂ ಇಲ್ಲ. ನಾಚಿಕೆ ಎನ್ನುವಲ್ಲಿಗೆ ಬಂದು ನಿಂತಳು. ರೇಡಿಯೋ ಮುಂದಕ್ಕೆ ಹೋಗು ಎಂದು ಬೆರಳು ಆಡಿಸಿದಳು. ಅಕ್ಕ ಹಾಳೆಯನ್ನು ಮಡಿಲಿನಲ್ಲಿ ಇಟ್ಟುಕೊಂಡು, ಅದೇ ಧ್ವನಿಯಲ್ಲಿ, ಬರೆಯದೇ ಇದ್ದದ್ದನ್ನು ಹೇಳಿದಳು.

“ಇಲ್ಲಿ ನಾಚಿಕೆ ಅಂತ ಬರೆದಿದೆ. ನನಗೆ ಹಾಗನ್ನಿಸಲ್ಲ. ಮಗನನ್ನ ಅವಳೇ ಕಲೆಸಿದಳು ಅಂತ ಯಾವ ಮಡಕೆ ಮೇಲೂ ಇಲ್ಲ. ಅವನು ಹೋದ, ಅಷ್ಟು ಮಾತ್ರ ಗೊತ್ತು. ಅವನು ಹೋದ ಮೇಲೂ ಅಲೆ ಬರ್ತಿದೆ, ಹೋಗ್ತಿದೆ. ಗಿಡ ಬೆಳೀತಿದೆ, ಬಲೆಗೆ ಮೀನು ಬೀಳ್ತಿದೆ. ಇದನ್ನೆಲ್ಲ ಮಾಡ್ತಿರೋದು ಅವಳೇ ತಾನೆ? ಕೆಲಸ ಒಂದೂ ನಿಂತಿಲ್ಲ. ಸಿಟ್ಟಿದ್ದಿದ್ರೆ ಬಿಟ್ಟು ಹೋಗ್ತಿದ್ದಳು. ನಾಚಿಕೆ ಇದ್ದಿದ್ರೆ ಊರೂರಲ್ಲೂ ಬಂದು ನಿಂತ್ಕೋತಿರಲಿಲ್ಲ. ಅವಳ ಹತ್ರ ಏನೂ ಇಲ್ಲ. ಏನೂ ಇಲ್ಲದ ಮುಖ ತೋರಿಸಿದ್ರೆ ನೋಡೋರು ಹೆದರ್ಕೋತಾರೆ. ಅದಕ್ಕೆ ಗೋಡೆ ಕಡೆ ತಿರುಗಿದ್ದಾಳೆ.”

ಮುಗಿಯಿತು ಎಂದು ಅವಳು ಬೀರುವಿನಿಂದ ಎದ್ದು ಬಂದಳು. ಕಾಲು ಜೋಮು ಹಿಡಿದಿತ್ತು. ಅತ್ತೆ ಎದ್ದು ಅಡುಗೆಮನೆಗೆ ಹೋದರು. ರೇಡಿಯೋ ತನ್ನ ಬರಹದ ಕೊನೆಯ ಪುಟವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಕತ್ತರಿಸದೆ, ಹೇಳಿದ್ದು ಹೇಳಿದಂತೆಯೇ ಹಾಕುತ್ತೇನೆ ಎಂದು ಬರೆದು ತೋರಿಸಿದಳು.

ಹಾಗೆಯೇ ಹಾಕಿದಳು. ಯಾವ ಕಂತನ್ನೂ ಅಷ್ಟು ಜನ ಕೇಳಿರಲಿಲ್ಲ. ತಮ್ಮ ತಮ್ಮ ಮನೆಯ ಸಾವುಗಳ ಬಗ್ಗೆ ಗುರುತಿಲ್ಲದವರು ಕೆಳಗೆ ಉದ್ದುದ್ದ ಬರೆದರು. ಗಡ್ಡನೂ ತಾನು ಇದನ್ನು ಒಪ್ಪುವುದಿಲ್ಲ, ಆದರೆ ಮತ್ತೆ ಗುಡಿಗೆ ಹೋಗಿ ನೋಡಿ ಬಂದೆ ಎಂದ. ಅಕ್ಕ ಕೆಲಸದ ನಡುವೆ ಒಂದಿಷ್ಟು ಓದಿದಳು. ಯಾರದೋ ಮದುವೆಯ ಫೋಟೊ ನೋಡಿದಂತಾಯಿತು. ಚೆನ್ನಾಗಿದೆ, ತನ್ನದಲ್ಲ.

ಕೆಲವು ವಾರ ಕಳೆದ ಮೇಲೆ ಆಟ ತಯಾರಿಸಿದ ಕಂಪನಿಯ ಮುಖ್ಯಸ್ಥನನ್ನು ಯಾರೋ ಸಂದರ್ಶನ ಮಾಡಿದರು. ಬೆನ್ನುದೇವಿಯ ಮಾತು ಬಂತು. ಆತ ನಗುತ್ತಾ ನಿಜ ಹೇಳಿಬಿಟ್ಟ. ಆಟ ಬಿಡುಗಡೆಯಾಗುವ ಹೊತ್ತಿಗೆ ವಿಗ್ರಹದ ಮುಖ ತಯಾರಾಗಿರಲಿಲ್ಲವಂತೆ. ಮೂಗಿಲ್ಲದ ಮುಖ ತೋರಿಸುವುದಕ್ಕಿಂತ ತಿರುಗಿಸಿ ನಿಲ್ಲಿಸೋಣ ಎಂದು ಯಾರೋ ಸೂಚಿಸಿದರಂತೆ. ಅದರ ಹಿಂದೆ ಬೇರೆ ಯಾವ ಅರ್ಥವೂ ಇಲ್ಲ, ಆದರೆ ನಿಮ್ಮ ಅರ್ಥಗಳನ್ನು ಕೇಳಿ ನಮಗೆ ಖುಷಿಯಾಯಿತು ಎಂದ.

ಒಂದೇ ದಿನದಲ್ಲಿ ಎಲ್ಲೆಡೆ ನಗೆಪಾಟಲು. ಅಕ್ಕನ ಧ್ವನಿಯನ್ನು ಮೂಗಿಲ್ಲದ ಬೊಂಬೆಯ ಚಿತ್ರಕ್ಕೆ ಅಂಟಿಸಿ ಯಾರೋ ತಮಾಷೆ ಮಾಡಿದರು. ರೇಡಿಯೋ ಓಡಿಬಂದಳು. ಅಷ್ಟರಲ್ಲಿ ಅವಳಿಗೆ ಒಂದೆರಡು ಮಾತಿಗೆ ಅಪ್ಪಣೆ ಸಿಕ್ಕಿತ್ತು. ಗೊಗ್ಗರು ದನಿಯಲ್ಲಿ, ನೋಡಿದೆಯಾ ಎಂದಳು. ನೋಡಿದೆ, ಮೂಗು ಕಷ್ಟವೇ, ಹಲ್ಲಾದರೂ ವಾಸಿ ಎಂದಳು ಅಕ್ಕ. ತಂಗಿ ಅವಳನ್ನೇ ದಿಟ್ಟಿಸಿದಳು. ನಿಜವಾಗಿಯೂ ಏನೂ ಆಗಿಲ್ಲವೋ, ಆಗಿಲ್ಲವೆಂದು ತೋರಿಸಿಕೊಳ್ಳುತ್ತಿದ್ದಾಳೋ ಅವಳಿಗೆ ತಿಳಿಯಲಿಲ್ಲ. ಅಕ್ಕನಿಗೂ ತಿಳಿದಿರಲಿಲ್ಲ.

ಅತ್ತೆಗೆ ವಿಷಯ ಹೇಳಿದ್ದು ಅಕ್ಕನೇ. ಅವರು ಅಡುಗೆಮನೆಯಲ್ಲಿ ಪಾತ್ರೆ ಒರೆಸಿಡುತ್ತಿದ್ದರು. ಪೂರ್ತಿ ಕೇಳಿದರು. ಮಾಡಿದವರಿಗೆ ಅಷ್ಟೂ ಪುರುಸೊತ್ತಿರಲಿಲ್ಲವೇ ಎಂದು ಕೇಳಿ, ಇರಲಿಲ್ಲವಂತೆ ಎನ್ನುವ ಉತ್ತರ ಪಡೆದು, ಕೈಯಲ್ಲಿದ್ದ ತಟ್ಟೆಯನ್ನು ಒರೆಸಿದ್ದನ್ನೇ ಮತ್ತೆ ಒರೆಸಿದರು.

“ನೀನು ಅಳಲಿಲ್ಲ ಅಂತ ನಿನ್ನ ಮೇಲೆ ನನಗೆ ತುಂಬ ಕೋಪ ಇತ್ತು,” ಎಂದರು. “ನನ್ನ ಮಗ ಇವಳಿಗೆ ಏನೂ ಅಲ್ವಾ ಅಂತ ದಿನಾ ಅಂದ್ಕೋತಿದ್ದೆ. ಬೀರುವಿನಲ್ಲಿ ಕೂತು ಆ ದೇವಿ ವಿಷಯ ಹೇಳಿದೆಯಲ್ಲ, ಅವತ್ತು ಅದು ಹೋಯ್ತು. ಈಗ ಇವರು ಬಂದು, ಮೂಗು ಮಾಡೋಕೆ ಟೈಮ್ ಇರಲಿಲ್ಲ ಅಂದ್ರೆ? ನಾನೇನು ಆ ಕೋಪ ವಾಪಸ್ ತಂದ್ಕೊಳ್ಳಲಾ?”

“ಬೇಡ, ಅತ್ತೆ,” ಎಂದಳು ಅಕ್ಕ.

“ತರೋಕೂ ಆಗಲ್ಲ. ಎಲ್ಲಿ ಇಟ್ಟೆನೋ ಗೊತ್ತಿಲ್ಲ.”

ಅಕ್ಕ ಇನ್ನೊಂದು ಬಟ್ಟೆ ತೆಗೆದುಕೊಂಡು ಲೋಟ ಒರೆಸಲು ನಿಂತಳು. ಅತ್ತೆ ಮಲಗಲು ಹೋಗುವಾಗ ಅವಳ ಭುಜವನ್ನು ಒಮ್ಮೆ ಹಿಡಿದು ಬಿಟ್ಟರು. ಆ ಕೈ ತಣ್ಣಗಿತ್ತು, ಒದ್ದೆಯಾಗಿತ್ತು. ಅಂಗಿಯ ಮೇಲೆ ಉಳಿದ ಒದ್ದೆ ಒಣಗುವವರೆಗೆ ಅಕ್ಕ ಅಲ್ಲೇ ನಿಂತಿದ್ದಳು.

ಮುಂದೆ ಆಟದವರು ನಗುವನ್ನೇ ಲಾಭ ಮಾಡಿಕೊಂಡು ಹೊಸ ಅಪ್‌ಡೇಟ್ ಬಿಟ್ಟರು. ಅದರಲ್ಲಿ ಒಂದು ಗುಡಿಯ ದೇವಿಯನ್ನು ಈ ಕಡೆ ತಿರುಗಿಸಿದ್ದರು. ಬಿಡುಗಡೆಯ ಸಂಜೆ ರೇಡಿಯೋ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. ಮೂವರೂ ಹಾಸಿಗೆಯ ಮೇಲೆ ಸಾಲಾಗಿ ಕೂತು ಗುಡಿಯೊಳಗೆ ಹೋದರು. ಚೆಂದದ ಮುಖ. ಸಾಬೂನಿನ ಜಾಹೀರಾತಿನಲ್ಲಿ ಇರುತ್ತದಲ್ಲ, ಅಂಥದ್ದು. ತುಟಿಯ ಮೇಲೆ ತೆಳ್ಳನೆಯ ನಗು. ಮೂಗು ಸರಿಯಾಗಿಯೇ ಬಂದಿದೆ ಎಂದರು ಅತ್ತೆ. ಇದನ್ನು ಹೇಗೆ ಅರ್ಥ ಮಾಡುವುದು ಎಂದು ರೇಡಿಯೋ ತಲೆ ಕೆರೆದುಕೊಂಡಳು. ಅಕ್ಕ ಆ ಮುಖವನ್ನು ಬಹಳ ಹೊತ್ತು ನೋಡಿದಳು. ಇವಳಲ್ಲ ಎಂದಳು. ಹೇಳಿದ ರೀತಿಯಲ್ಲಿ ಒಂದು ಸಣ್ಣ ಹಟವಿತ್ತು. ತಂಗಿ ಥಟ್ಟನೆ ಅವಳ ಕಡೆ ತಿರುಗಿದಳು. ಹಟ ಅಷ್ಟರಲ್ಲಿ ಮಾಯವಾಗಿತ್ತು.

ಅತ್ತೆ ತಮಗೂ ಒಮ್ಮೆ ಕೊಡು ಎಂದು ಕೇಳಿದರು. ರೇಡಿಯೋ ಯಾವ ಗುಂಡಿ ಒತ್ತಿದರೆ ಏನಾಗುತ್ತದೆಂದು ತೋರಿಸಿದಳು. ಅತ್ತೆ ಮೊದಲು ಗೋಡೆಗೆ ಗುದ್ದಿದರು, ಆಮೇಲೆ ಕಂಬಕ್ಕೆ, ಆಮೇಲೆ ಹೇಗೋ ಬಾಗಿಲು ಹಾದು ದಡಕ್ಕೆ ಬಂದು, ನಿಲ್ಲಿಸುವುದು ತಿಳಿಯದೆ ನೇರ ನೀರಿಗೆ ನಡೆದರು. ಪರದೆ ಕಪ್ಪಾಯಿತು.

“ಸತ್ತೆನಾ?” ಎಂದರು.

“ಹ್ಞೂಂ. ತಾಳಿ, ದಡದಲ್ಲಿ ಮತ್ತೆ ಏಳ್ತೀರಿ,” ಎಂದಳು ಅಕ್ಕ.

ಎದ್ದರು. ಅತ್ತೆ ಸ್ವಲ್ಪ ಹೊತ್ತು ಪರದೆಯ ಮೇಲೆ ನಿಂತಿದ್ದ ಆ ಸಣ್ಣ ಮನುಷ್ಯನನ್ನು ನೋಡಿದರು. ಇವನಿಗೆ ಹೀಗೆ ಎಷ್ಟು ಸಲ ಎಂದು ಕೇಳಿದರು. ಲೆಕ್ಕವಿಲ್ಲ ಎಂದಳು ರೇಡಿಯೋ. ಅತ್ತೆ ತಲೆ ಆಡಿಸಿ, ಸರಿ ಎನ್ನುವಂತೆ, ಮತ್ತೆ ನಡೆಸಲು ಶುರುಮಾಡಿದರು. ಅಕ್ಕ ಹತ್ತಿರ ಸರಿದು ಅವರ ಬೆರಳ ಮೇಲೆ ತನ್ನ ಬೆರಳು ಇಟ್ಟು, ಎಡಕ್ಕೆ ಹೋಗಬೇಕಾದರೆ ಇದನ್ನು ಒತ್ತಬೇಕು ಎಂದು ಹೇಳಿಕೊಟ್ಟಳು.