ಅವಳ ಡಬ್ಬಿ, ನನ್ನ ಹೆಸರು

ನಾನು ಹೇಡಿ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಹೇಳುವ ಕಷ್ಟ ಬೇಡ. ಅರವತ್ತು ಮೀಟರ್ ಎತ್ತರದ ಕ್ರೇನಿನ ಗೂಡಿನಲ್ಲಿ ಹತ್ತೊಂಬತ್ತು ವರ್ಷ ಕೂತವನು ಹೇಡಿ ಹೇಗಾದಾನು ಎಂದು ಕೇಳಬೇಡಿ. ಎತ್ತರ ನನ್ನನ್ನು ಒಂದು ದಿನವೂ ಹೆದರಿಸಲಿಲ್ಲ. ಹೆಬ್ಬೆರಳಷ್ಟು ಉದ್ದದ ಒಂದು ಪ್ಲಾಸ್ಟಿಕ್ ಡಬ್ಬಿ ಹೆದರಿಸಿತು.

ಕ್ರೇನಿನ ಗೂಡಿನಲ್ಲಿ ಕಕ್ಕಸು ಇರುವುದಿಲ್ಲ. ಇಳಿದು ಮತ್ತೆ ಹತ್ತಲು ನಲವತ್ತು ನಿಮಿಷ ಬೇಕು. ಅಷ್ಟು ಹೊತ್ತು ಕೆಳಗೆ ನೂರು ಜನರ ಕೆಲಸ ನಿಲ್ಲುತ್ತದೆ, ಮೇಸ್ತ್ರಿ ಬಾಯಿಗೆ ಬಂದಂತೆ ಬೈಯುತ್ತಾನೆ. ಹಾಗಾಗಿ ನಮ್ಮ ಕಸುಬಿನವರು ಕಲಿತದ್ದು ಒಂದೇ ಪಾಠ: ಬೆಳಗ್ಗೆ ನೀರು ಕುಡಿಯಬೇಡ, ತಿಂಡಿ ತಿನ್ನಬೇಡ, ಬಂದದ್ದನ್ನು ತಡೆದುಕೋ. ಸಂಜೆ ಇಳಿದ ಮೇಲೆ ಮೂರು ಹೊತ್ತಿನದ್ದನ್ನು ಒಟ್ಟಿಗೆ ತಿನ್ನು. ನನ್ನ ಹೊಟ್ಟೆ ಒಂದು ವಾರ ಕಲ್ಲು, ಇನ್ನೊಂದು ವಾರ ನೀರು.

ನನ್ನ ಹೆಂಡತಿಗೆ ನಮ್ಮ ಬೀದಿಯವರು ಇಟ್ಟ ಹೆಸರು ಹೊಟ್ಟೆ ಡಾಕ್ಟರು. ಇಸ್ತ್ರಿ ಅಂಗಡಿಯಲ್ಲಿ ದಿನವಿಡೀ ನಿಂತು ದುಡಿಯುವವಳು. ಬಟ್ಟೆ ತಂದವರಿಗೆಲ್ಲ ಬಿಟ್ಟಿ ಉಪದೇಶ. "ತುತ್ತು ಚೆನ್ನಾಗಿ ಅಗೀರಿ. ಹಣ್ಣು ಸಿಪ್ಪೆ ಸಮೇತ ತಿನ್ನಿ. ಬೇಗ ಉಂಡು ನೂರು ಹೆಜ್ಜೆ ನಡೀರಿ. ಹೊಟ್ಟೆ ಕೆಟ್ರೆ ತಲೆನೂ ಕೆಡುತ್ತೆ, ನೋಡ್ತಿರಿ." ಈಚೆಗಂತೂ ಈ ಹುಚ್ಚು ವಿಪರೀತವಾಗಿತ್ತು. ನನ್ನ ತಟ್ಟೆಯ ಮುಂದೆ ನಿಂತು "ಊಟ ಬಲ್ಲವನಿಗೆ ರೋಗವಿಲ್ಲ" ಎಂದು ಶುರುಮಾಡಿದರೆ, "ಮಾತು ಬಲ್ಲವನಿಗೆ ಜಗಳವಿಲ್ಲ, ಅದನ್ನೂ ಸ್ವಲ್ಪ ಕಲಿ" ಎಂದು ನಾನು ಬಾಯಿ ಮುಚ್ಚಿಸುತ್ತಿದ್ದೆ.

ಈ ವರ್ಷ ಕಂಪನಿಯವರು ನಲವತ್ತೈದು ದಾಟಿದವರಿಗೆಲ್ಲ ಮಲ ಪರೀಕ್ಷೆ ಕಡ್ಡಾಯ ಮಾಡಿದರು. ಕಂಪನಿಯ ನರ್ಸಮ್ಮ ಡಬ್ಬಿ ಕೊಟ್ಟು, "ಮುಚ್ಚಳದ ಮೇಲೆ ಹೆಸರು ಬರೀರಿ. ಏನಾದ್ರೂ ಕಂಡ್ರೆ ಮಾತ್ರ ಫೋನ್ ಮಾಡ್ತೀವಿ" ಎಂದಳು. ಒಂದು ತಿಂಗಳಿಂದ ಕಕ್ಕಸಿನಲ್ಲಿ ನನಗೆ ಕೆಂಪು ಕಾಣುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ರೋಗವೆಂದರೆ ಗೂಡಿನಿಂದ ಇಳಿಸುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಒಳಗೆ ಏನಿದೆ ಎಂದು ತಿಳಿಯುವುದೇ ನನಗೆ ಬೇಡವಾಗಿತ್ತು.

ಮನೆಗೆ ಬಂದು ಹೆಂಡತಿಗೆ ಸುಳ್ಳು ಹೇಳಿದೆ. "ಈ ಸಲ ಮನೆಯವರದ್ದೂ ನೋಡ್ತಾರಂತೆ ಕಣೇ. ನಂದು ಕೊಟ್ಟಾಯ್ತು, ನೀನೂ ಕೊಡು. ಏನಾದ್ರೂ ಇದ್ರೆ ಮಾತ್ರ ಫೋನ್ ಬರುತ್ತಂತೆ."

ಅವಳು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ "ಹೂಂ, ಕೊಡ್ತೀನಿ" ಎಂದಳು. ಮರುದಿನ ಕಾಗದದಲ್ಲಿ ಸುತ್ತಿ ಕೊಟ್ಟಳು. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಮುಚ್ಚಳದ ಮೇಲೆ ನನ್ನ ಹೆಸರು ಬರೆದೆ. ಕಲ್ಲು ತಿಂದು ಕರಗಿಸಿಕೊಳ್ಳುವವಳು, ಅವಳಿಗೇನಾಗುತ್ತದೆ ಎಂದುಕೊಂಡೆ. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ, ದರಿದ್ರದವನು.

ಎಂಟನೇ ದಿನ ಸಂಜೆ ಫೋನ್ ಬಂತು. "ರಕ್ತದ ಅಂಶ ಕಂಡಿದೆ ಸಾರ್," ಎಂದಳು ನರ್ಸಮ್ಮ. "ಇಷ್ಟಕ್ಕೇ ಹೆದರಬೇಡಿ, ದೊಡ್ಡದೇನೂ ಇಲ್ದೇನೂ ಇರಬಹುದು. ಆದ್ರೆ ಕರುಳೊಳಗೆ ಕ್ಯಾಮೆರಾ ಹಾಕಿ ನೋಡಲೇಬೇಕು. ತಡ ಮಾಡ್ಬೇಡಿ."

ರಕ್ತ ಅವಳದು. ಅಲ್ಲೇ ನಿಂತು ತರಕಾರಿ ಹೆಚ್ಚುತ್ತಿದ್ದಾಳಲ್ಲ, ಅವಳದು.

"ಏನಂತ್ರೀ?" ಎಂದಳು.

"ನನ್ನ ರಿಪೋರ್ಟಲ್ಲಿ ರಕ್ತ ಬಂದಿದೆಯಂತೆ."

"ನಂದರಲ್ಲಿ?"

"ನಿಂದೇನೂ ಹೇಳಲಿಲ್ಲ."

ಅವಳು ಚಾಕು ಕೆಳಗಿಟ್ಟು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ನನಗಾಗಿ ಅಳುತ್ತಿದ್ದಾಳೆಂದು ನನ್ನ ಕರುಳು ಕಿತ್ತುಬಂತು.

ಮರುದಿನದಿಂದ ನನ್ನ ಸೇವೆ ಶುರುವಾಯಿತು. ಮೆತ್ತಗೆ ಬೇಯಿಸಿದ ತರಕಾರಿ, ಮೊಸರು, ಗಂಟೆಗೊಂದು ಲೋಟ ನೀರು. "ನಾನಿದೀನಲ್ಲ, ಧೈರ್ಯವಾಗಿರಿ" ಎನ್ನುತ್ತಿದ್ದಳು. ಪಾತ್ರೆ ತೊಳೆಯುತ್ತಾ ಏನನ್ನೋ ಗುನುಗುತ್ತಿದ್ದಳು. ನನಗೆ ಬಿಸಿತುಪ್ಪ ಬಾಯಲ್ಲಿಟ್ಟ ಹಾಗೆ, ನುಂಗಲೂ ಆಗದು, ಉಗುಳಲೂ ಆಗದು. ಅವಳು ಸೊಂಟಕ್ಕೆ ಕೈ ಕೊಟ್ಟರೆ ನನ್ನ ಉಸಿರು ನಿಲ್ಲುತ್ತಿತ್ತು. ಊಟ ಅರ್ಧಕ್ಕೆ ಬಿಟ್ಟರೆ ಅವಳ ತಟ್ಟೆಯನ್ನೇ ನೋಡುತ್ತಿದ್ದೆ. ಇಷ್ಟು ತೆಳ್ಳಗಾದದ್ದು ಯಾವಾಗ? ನಾನು ನೋಡೇ ಇರಲಿಲ್ಲವಲ್ಲ!

"ನೀನೂ ಒಂದ್ಸಲ ಆಸ್ಪತ್ರೆಗೆ ತೋರಿಸ್ಕೊಳ್ಳೇ," ಎಂದೆ.

"ನಂಗ್ಯಾಕ್ರೀ? ಡಬ್ಬಿ ಕೊಟ್ಟಿಲ್ವಾ, ಫೋನ್ ಬಂದಿಲ್ವಲ್ಲ," ಎಂದು ನಕ್ಕಳು.

ನನ್ನ ಸುಳ್ಳೇ ಅವಳ ಬಾಗಿಲಿಗೆ ಅಡ್ಡ ನಿಂತಿತ್ತು. ನಾನು ಬಾಯಿ ಬಿಡದಿದ್ದರೆ ಅವಳು ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ಬಿಟ್ಟರೆ ಅವಳ ಮುಖ ನೋಡುವುದು ಹೇಗೆ?

ಫೋನ್ ಬಂದು ಮೂರು ದಿನವಾದ ಮೇಲೆ, ಬೆಳಗ್ಗೆ ಕಬ್ಬಿಣದ ಸರಳಿನ ಕಟ್ಟು ಎತ್ತುತ್ತಿದ್ದೆ. ಕೆಳಗೆ ನಿಂತು ವಾಕಿಟಾಕಿಯಲ್ಲಿ ದಾರಿ ಹೇಳುವವನು ಅವಳ ತಮ್ಮ. ಕಟ್ಟು ಆಕಾಶದಲ್ಲಿರುವಾಗ ಹೊಟ್ಟೆ ಹಿಂಡಿತು, ಕಣ್ಣಿಗೆ ಕತ್ತಲೆ ಬಂತು, ಹಿಡಿಕೆಯ ಮೇಲೆ ಕೈ ಜಾರಿತು. ಎರಡು ಟನ್ ಕಬ್ಬಿಣ ಅವನ ನೆತ್ತಿಯ ಮೇಲೆ ತೂಗಾಡತೊಡಗಿತು.

"ಭಾವ! ಏನ್ ಮಾಡ್ತಿದೀರಾ? ನಿಲ್ಸಿ, ನಿಲ್ಸಿ!" ಎಂದು ಕಿರುಚಿ ಓಡಿದ.

ಹೇಗೋ ಇಳಿಸಿದೆ. ಅಕ್ಕನಾಯಿತು, ಇನ್ನು ತಮ್ಮನನ್ನೂ ಕೊಲ್ಲಬೇಕೇನೋ ಪಾಪಿ ಎಂದು ನನಗೆ ನಾನೇ ಹೇಳಿಕೊಂಡೆ. ವಾಕಿಟಾಕಿಯಲ್ಲಿ "ಇವತ್ತು ನನ್ ಕೈಲಾಗಲ್ಲ, ಇಳೀತಿದೀನಿ" ಎಂದೆ. ಮೇಸ್ತ್ರಿ ಬೈದದ್ದು ಏಣಿಯುದ್ದಕ್ಕೂ ಕೇಳಿಸಿತು. ಬೈದುಕೊಳ್ಳಲಿ. ಮೈಮೇಲಿನ ಧೂಳನ್ನೂ ಕೊಡವದೆ ನೆಟ್ಟಗೆ ಇಸ್ತ್ರಿ ಅಂಗಡಿಗೆ ಹೋದೆ.

ಅವಳು ಒಂದು ಬಿಳಿ ಅಂಗಿಯ ಕಾಲರ್ ತೀಡುತ್ತಿದ್ದಳು. "ಇಷ್ಟು ಬೇಗ ಬಂದ್ರಾ? ನೀರು ಕುಡಿದ್ರಾ?" ಎಂದಳು.

"ಇಸ್ತ್ರಿಪೆಟ್ಟಿಗೆ ಕೆಳಗಿಡು. ಆ ಡಬ್ಬಿ ನಿಂದು ಕಣೇ," ಎಂದೆ. "ನನ್ ಹೆಸರು ಬರೆದು ಕೊಟ್ಟೆ. ನಂಗೆ ಹೆದರಿಕೆಯಾಗಿತ್ತು. ನಂದು ಕೊಡಲೇ ಇಲ್ಲ. ಆ ರಕ್ತ ನಿಂದು."

ಅವಳು ಪೆಟ್ಟಿಗೆಯನ್ನು ಸ್ಟ್ಯಾಂಡಿನ ಮೇಲಿಟ್ಟಳು. ಅಂಗಿಯನ್ನು ಮಡಿಸಿದಳು, ಮಡಿಕೆ ಸರಿಯಾಗಲಿಲ್ಲ, ಬಿಚ್ಚಿ ಮತ್ತೆ ಮಡಿಸಿದಳು. ಬೈಯಲಿ, ಕಪಾಳಕ್ಕೆ ಬಾರಿಸಲಿ ಎಂದು ಕಾದೆ. ಅವಳು ಪ್ಲಗ್ ಕಿತ್ತು, ಬಾಗಿಲೆಳೆದು, ಚಪ್ಪಲಿ ಮೆಟ್ಟಿದಳು. "ನಡೀರಿ. ಇಬ್ಬರೂ ತೋರಿಸ್ಕೊಳ್ಳೋಣ" ಎಂದಳು.

ಆಸ್ಪತ್ರೆಯ ದಾರಿ ಹಿಡಿದೆವು. ರಸ್ತೆ ದಾಟುವಾಗ ನನ್ನ ತೋಳು ಹಿಡಿದಳು. ಅವಳ ಕೈ ಮಂಜಿನಂತೆ ತಣ್ಣಗಿತ್ತು.

"ಒಂದು ವರ್ಷದಿಂದ ನಂಗೆ ರಕ್ತ ಕಾಣ್ತಿತ್ತು ರೀ," ಎಂದಳು. "ಹಣ್ಣು, ಸಿಪ್ಪೆ, ನಡಿಗೆ, ಎಲ್ಲಾ ಮಾಡಿ ನೋಡ್ದೆ. ಬಾಯಿಬಿಟ್ಟು ಹೇಳೋಕೆ ಧೈರ್ಯ ಬರಲಿಲ್ಲ. ನೀವು ಡಬ್ಬಿ ತಂದಾಗ, ಇನ್ನು ಅದೇ ಹೇಳುತ್ತೆ ಬಿಡು ಅಂದ್ಕೊಂಡೆ. ಆಮೇಲೆ ನೋಡಿದ್ರೆ ಫೋನ್ ಬಂದಿದ್ದು ನಿಮಗೆ. ನಂಗೆ ಖುಷಿಯಾಯ್ತು ರೀ. ನಿಮಗೆ ಬಂದಿದೆ ಅಂತ ಗೊತ್ತಿದ್ದೂ, ನಂಗಲ್ಲವಲ್ಲ ಅಂತ ಖುಷಿಯಾಗಿ ಅತ್ತುಬಿಟ್ಟೆ."

ಎದುರಿಗೆ ಆಸ್ಪತ್ರೆಯ ಗೇಟು ಕಂಡಿತು. ಅವಳ ಹೆಜ್ಜೆ ನಿಧಾನವಾಯಿತು.

"ಈ ಮೂರು ರಾತ್ರಿ ಎಷ್ಟು ಚೆನ್ನಾಗಿ ನಿದ್ದೆ ಮಾಡ್ದೆ ಗೊತ್ತಾ?" ಎಂದಳು. "ಒಂದು ವರ್ಷದಿಂದ ಹಾಗೆ ಮಲಗಿರಲಿಲ್ಲ."