ಸರಿಪೋಯಿಂದಿ

ಸುಬ್ಬರಾಯಪ್ಪನವರು ಸಿಪಿಯುವನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ, ಎದೆಗವುಚಿಕೊಂಡು ಮುಕುಂದನ ಡಿಟಿಪಿ ಅಂಗಡಿಯ ಮೆಟ್ಟಿಲು ಹತ್ತಿದರು. ಶ್ರೀನಿವಾಸಪುರದಲ್ಲಿ ಬಸ್ಸು ಹತ್ತಿದವರು ಮುಳಬಾಗಿಲಿನಲ್ಲಿ ಇಳಿಯುವವರೆಗೂ ಅದನ್ನು ತೊಡೆಯಿಂದ ಇಳಿಸಿರಲಿಲ್ಲವಂತೆ. ಏನು ಸ್ವಾಮಿ ಅದು, ದೇವರಾ ಎಂದು ಕಂಡಕ್ಟರು ಕೇಳಿದನಂತೆ. ಇದನ್ನು ಹೇಳುವಾಗ ಅವರು ನಗಲಿಲ್ಲ, ಮುಕುಂದನೊಬ್ಬನೇ ನಕ್ಕ.

"ಅಕ್ಷರ ಹೋಗ್ಬಿಟ್ಟಿದೆ ಕಣಪ್ಪ. ನಮ್ಮೋಳು ಒತ್ತೋ ಅಕ್ಷರ. ವಾಪಸ್ ತರ್ಸು," ಎಂದರು.

ನಮ್ಮೋಳು ಎಂದರೆ ಹೆಂಡತಿ ಭಾರತಮ್ಮ. ಪ್ರೈಮರಿ ಸ್ಕೂಲಿನಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಲಕ್ವ ಹೊಡೆದು ಮಾತೂ ಬಲಗೈಯೂ ಹೋದ ಮೇಲೆ, ಎಡಗೈಯ ಒಂದು ಬೆರಳಲ್ಲಿ ಕಂಪ್ಯೂಟರಿನ ಕೀಲಿ ಒತ್ತಿ ಮಾತಾಡುತ್ತಿದ್ದರು. ಮನೆಮಾತು ತೆಲುಗು, ಕಲಿತದ್ದೂ ಕಲಿಸಿದ್ದೂ ಕನ್ನಡ. ಹಾಗಾಗಿ ಬರೆಯುತ್ತಿದ್ದದ್ದು ಕನ್ನಡ ಅಕ್ಷರದಲ್ಲಿ ತೆಲುಗು. ಈ ಸೀಮೆಯಲ್ಲಿ ಅದೇನೂ ವಿಚಿತ್ರವಲ್ಲ. ಆ ಅಕ್ಷರಗಳನ್ನು ಹಾಕಿಕೊಟ್ಟವನು ಮುಕುಂದನೇ.

ಮದುವೆ ಪತ್ರಿಕೆಯ ಕೆಲಸ ಬದಿಗಿಟ್ಟು ಮುಕುಂದ ಸಿಪಿಯುಗೆ ವೈರು ಸಿಕ್ಕಿಸತೊಡಗಿದ. ಬಹಳ ದಿನಗಳ ಮೇಲೆ ಕಟ್ಟೆಯವರೊಬ್ಬರು ಬಂದಿದ್ದಾರೆ ಎಂದು ಅವನಿಗೆ ಸಂತೋಷವೇ ಆಗಿತ್ತು.

ಕಟ್ಟೆ ಎಂದರೆ ಕಂಪ್ಯೂಟರ್ ಕಟ್ಟೆ. ಇಂಟರ್ನೆಟ್ಟಿನಲ್ಲಿ ಮುಕುಂದನೂ ಕೋಲಾರದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವ ಸಬಾಳೂ ಸೇರಿ ಕಟ್ಟಿದ್ದ ಸಣ್ಣ ಗುಂಪು. ಪ್ರಿಂಟರು ಕಚ್ಚಿಕೊಂಡಿತು, ವೈರಸ್ ಬಂತು, ಮೌಸು ಓಡಾಡುತ್ತಿಲ್ಲ ಎಂದು ಯಾರು ಯಾವ ಭಾಷೆಯಲ್ಲಾದರೂ ಕೇಳಬಹುದಿತ್ತು. ಅಲ್ಲೊಂದು ಪದ್ಧತಿ ಬೆಳೆದಿತ್ತು. ಕಷ್ಟ ಬಗೆಹರಿದವರು ಸುಮ್ಮನೆ ಹೋಗುವಂತಿಲ್ಲ, ಮತ್ತೆ ಬಂದು 'ಸರಿಹೋಯ್ತು' ಎಂದು ಬರೆಯಬೇಕು. ತೆಲುಗಿನವರು 'ಸರಿಪೋಯಿಂದಿ' ಎನ್ನುತ್ತಿದ್ದರು. ಯಾರು ಹಾಗೆ ಬರೆದರೂ ಅದರ ಕೆಳಗೆ ಭಾರತಮ್ಮ ಬಂದು 'ಅನ್ನಂ ತಿಂಟಿವಾ ನಾಯನಾ?' ಎಂದು ಊಟ ವಿಚಾರಿಸುತ್ತಿದ್ದರು. ಬೆಳಗ್ಗೆ ಬರೆದವರಿಗೂ ಊಟ, ಸಂಜೆ ಬರೆದವರಿಗೂ ಊಟ. ಅದನ್ನಿಟ್ಟುಕೊಂಡು ಎಲ್ಲರೂ ಗೇಲಿ ಮಾಡುತ್ತಿದ್ದರು, ಆಕೆ ಬಿಡುತ್ತಿರಲಿಲ್ಲ.

ಕಟ್ಟೆಯನ್ನು ಮುಚ್ಚಿದವನೂ ಮುಕುಂದನೇ. ಬೆಂಗಳೂರಿನ ದೊಡ್ಡ ವೇದಿಕೆಯೊಂದು ಊರೂರಿನ ಇಂಥ ಗುಂಪುಗಳನ್ನೆಲ್ಲ ತನ್ನೊಳಗೆ ಸೇರಿಸಿಕೊಳ್ಳುತ್ತಿತ್ತು. ಮುಕುಂದನಿಗೆ ಅದು ಸರಿಯೆನಿಸಿತು. ಒಂದೇ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆಯುವುದು? ಎಲ್ಲವೂ ಒಂದೇ ಕಡೆ ಇದ್ದರೆ ಹುಡುಕಿದವರಿಗೆ ತಕ್ಷಣ ಸಿಗುತ್ತದೆ, ತಿಳಿದವರೂ ಹೆಚ್ಚಿರುತ್ತಾರೆ ಎಂದು ವಾದಿಸಿದ. ಅವನ ವಾದದಲ್ಲಿ ಸುಳ್ಳೇನೂ ಇರಲಿಲ್ಲ. ಸಬಾ ಮಾತ್ರ ಒಪ್ಪಲಿಲ್ಲ.

"ದೊಡ್ಡಾಸ್ಪತ್ರೆ ಬೇಡ ಅಂತಿಲ್ಲ ಮುಕುಂದಣ್ಣ," ಎಂದಿದ್ದಳು ಅವಳು. "ಅದಕ್ಕೋಸ್ಕರ ಬೀದಿ ಡಾಕ್ಟರ್ ಬಾಗಿಲು ಯಾಕ್ ಮುಚ್ಚಿಸ್ತೀರಾ? ಇಲ್ಲಿ ಹೆಸರು ನೋಡಿದ್ರೆ ಯಾರ ಮನೆ ಅಂತ ಗೊತ್ತಾಗತ್ತೆ."

ಹೆಚ್ಚಿನವರು ಮುಕುಂದನ ಕಡೆಗೇ ಕೈಯೆತ್ತಿದರು. ಸಬಾ ಜಗಳವಾಡದೆ ದೂರ ಸರಿದಳು. ಮುಕುಂದನಿಗೆ ದೊಡ್ಡ ವೇದಿಕೆಯಲ್ಲಿ ಮೇಲ್ವಿಚಾರಕನ ಸ್ಥಾನ ಸಿಕ್ಕಿತು. ಇನ್ನು ಮುಂದೆ ಯಾರೂ ಫೋನ್ ಮಾಡಿ ಕೇಳಬೇಡಿ, ಏನಿದ್ದರೂ ಅಲ್ಲೇ ಹಾಕಿ, ಎಲ್ಲರಿಗೂ ಉಪಯೋಗವಾಗಲಿ ಎಂದು ಕಟ್ಟೆಯಲ್ಲಿ ಕೊನೆಯ ಮಾತು ಬರೆದು ಬೀಗ ಹಾಕಿದ.

ಅಕ್ಷರಗಳನ್ನು ಮತ್ತೆ ಹಾಕಲು ಒಂದು ಕಾಫಿ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಅ ಒತ್ತಿದ, ಅ ಬಂತು.

"ತಗೊಳ್ಳಿ. ಟೀಚರಮ್ಮ ಇನ್ನು ನಿಮ್ಮನ್ನ ಬೈಯೋಕೆ ಶುರು ಮಾಡ್ಲಿ," ಎಂದ.

ಸುಬ್ಬರಾಯಪ್ಪನವರು ತೆರೆಯ ಮೇಲಿನ ಆ ಒಂದು ಅಕ್ಷರವನ್ನೇ ನೋಡುತ್ತಿದ್ದರು.

"ಅವಳು ಹೋಗ್ಬಿಟ್ಲಪ್ಪ. ಮಂಡಿಗೆ ಮಾವಿನಕಾಯಿ ಬರೋಕೆ ಶುರುವಾದಾಗ."

ಮುಕುಂದನ ಕೈ ಮೌಸಿನ ಮೇಲೇ ನಿಂತಿತು. ಮಾವಿನ ಸುಗ್ಗಿ ಮುಗಿದೇ ಎಷ್ಟೋ ಕಾಲವಾಗಿತ್ತು. ಕಟ್ಟೆ ಇದ್ದಿದ್ದರೆ ಆ ಹೊತ್ತಿಗೇ ಎಲ್ಲರಿಗೂ ತಿಳಿದಿರುತ್ತಿತ್ತು, ದೂರದ ಮಾಲೂರಿನವರೂ ಮಣ್ಣಿಗೆ ಬಂದಿರುತ್ತಿದ್ದರು. ಮತ್ತೆ ಯಾಕೆ ಇಷ್ಟು ದೂರ ಹೊತ್ತು ತಂದಿರಿ ಎಂದು ಕೇಳಿಬಿಟ್ಟ, ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

"ಅವಳಿದ್ದಾಗ ಕೆಟ್ಟಿದ್ದು. ಹಂಗೇ ಬಿಡೋಕೆ ಮನಸ್ಸಾಗ್ಲಿಲ್ಲ," ಎಂದರು ಸುಬ್ಬರಾಯಪ್ಪ.

ಆಮೇಲೆ ನಿಧಾನವಾಗಿ ಎಲ್ಲವನ್ನೂ ಹೇಳಿದರು. ವೈರಸ್ ಬಂತೆಂದು ಊರಿನ ಅಂಗಡಿಯಲ್ಲಿ ತೋರಿಸಿದರೆ, ಅವರು ಇದ್ದದ್ದೆಲ್ಲ ಅಳಿಸಿ ಹೊಸದಾಗಿ ಹಾಕಿಕೊಟ್ಟರು. ಭಾರತಮ್ಮ ಒತ್ತಿದರೆ ಸೊನ್ನೆ, ಸುತ್ತು, ಅಡ್ಡಗೆರೆ ಬರತೊಡಗಿದವು. ಆಕೆಯೊಬ್ಬರನ್ನೇ ಬಿಟ್ಟು ಮುಳಬಾಗಿಲಿಗೆ ಬರುವಂತಿರಲಿಲ್ಲ. ಮುಕುಂದನೇ ಫೋನ್ ಮಾಡಬೇಡಿ ಎಂದಿದ್ದನಲ್ಲ ಎಂದು ಫೋನೂ ಮಾಡಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೆಯಲು ಭಾರತಮ್ಮನಿಗೆ ಬರುತ್ತಿರಲಿಲ್ಲ, ಇವರೇ ಹೇಗೋ ಒತ್ತಿ ದೊಡ್ಡ ವೇದಿಕೆಯಲ್ಲಿ ಪ್ರಶ್ನೆ ಹಾಕಿದರು: ಕನ್ನಡ ಅಕ್ಷರದಲ್ಲಿ ತೆಲುಗು ಬರೆಯಬೇಕು, ಅಕ್ಷರ ಕಾಣೆಯಾಗಿದೆ, ದಯವಿಟ್ಟು ಹೇಳಿ. ಕನ್ನಡ ವಿಭಾಗದವರು, ನಿಮ್ಮದು ತೆಲುಗು, ಆ ವಿಭಾಗಕ್ಕೆ ಹೋಗಿ ಎಂದರು. ಅಲ್ಲಿ ಹಾಕಿದರೆ, ಇದು ಕನ್ನಡ ಅಕ್ಷರದ ಸಮಸ್ಯೆ, ಅಲ್ಲೇ ಕೇಳಿ ಎಂದರು. ಮತ್ತೆ ಕನ್ನಡ ವಿಭಾಗಕ್ಕೇ ಬಂದು ಹಾಕಿದರು.

"ಆಮೇಲೆ ಮುಚ್ಚಿಬಿಟ್ರು," ಎಂದರು.

"ಯಾರು ಮುಚ್ಚಿದ್ದು?"

ನೀನೇ ನೋಡು ಎಂಬಂತೆ ಅವರು ಕಂಪ್ಯೂಟರಿನತ್ತ ಕೈ ತೋರಿದರು. ಮುಕುಂದ ತನ್ನ ಕಂಪ್ಯೂಟರಿನಲ್ಲಿ ವೇದಿಕೆ ತೆರೆದು ಹುಡುಕಿದ. ಪ್ರಶ್ನೆ ಸಿಕ್ಕಿತು. ಕೇಳಿದವರ ಜಾಗದಲ್ಲಿ ಸುಬ್ಬರಾಯಪ್ಪ ಎಂದಿರಲಿಲ್ಲ. ಅವರ ಹೆಸರನ್ನು ಬೇರೆ ಯಾರೋ ಮೊದಲೇ ತೆಗೆದುಕೊಂಡಿದ್ದರಿಂದ ವೇದಿಕೆಯೇ ಯಾವುದೋ ಅಕ್ಷರ, ಅಂಕಿ ಸೇರಿಸಿ ಕೊಟ್ಟಿತ್ತು. ಕೆಳಗೆ ಕೆಂಪಿನಲ್ಲಿ 'ಒಂದೇ ಪ್ರಶ್ನೆಯನ್ನು ಎರಡು ಕಡೆ ಹಾಕುವಂತಿಲ್ಲ. ಮುಚ್ಚಲಾಗಿದೆ' ಎಂದಿತ್ತು. ಅದರ ಕೆಳಗೆ, ಮುಕುಂದ್, ಮೇಲ್ವಿಚಾರಕ.

ಅವನಿಗೆ ನೆನಪೇ ಇರಲಿಲ್ಲ. ಅಂಥವನ್ನು ದಿನವೂ ರಾಶಿಗಟ್ಟಲೆ ಮುಚ್ಚುತ್ತಿದ್ದ, ಓದುತ್ತಲೂ ಇರಲಿಲ್ಲ.

"ನಿನ್ ಹೆಸ್ರು ನೋಡಿದ್ನಪ್ಪ. ಮುಕುಂದನೇ ಮುಚ್ಚಿದ್ದಾನೆ ಅಂದ್ರೆ ಏನೋ ಕಾರಣ ಇರ್ಬೇಕು ಅನ್ಕೊಂಡೆ. ಇನ್ನೊಂದ್ಸಲ ಕೇಳೋದು ಸರಿಯಲ್ಲ ಅಂತ ಸುಮ್ನಾದೆ."

ಅವರ ದನಿಯಲ್ಲಿ ಒಂದಿಷ್ಟೂ ಕೋಪವಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಎದ್ದು ಕಪಾಳಕ್ಕೆ ಬಾರಿಸಿದ್ದರೆ ಇನ್ನೂ ಚೆನ್ನಾಗಿತ್ತು.

"ಕೊನೇಲಿ ಏನೋ ಹೇಳ್ಬೇಕು ಅಂತಿದ್ಲು," ಎಂದರು ಅವರು. "ಸ್ಲೇಟು ಪಲಕದ ಮೇಲೆ ಅ ಆ ಇ ಈ ಬರ್ದಿಟ್ಟೆ, ಬೆರಳಿಟ್ಟು ತೋರ್ಸು ಅಂದೆ. ಅವಳ ಬೆರಳು ನಡುಗ್ತಿತ್ತು, ನನಗೆ ಕಣ್ಣು ಮಂಜು. ಅವಳು ಒಂದು ತೋರ್ಸಿದ್ರೆ ನಾನೊಂದು ಓದ್ತಿದ್ದೆ. ಕೋಪ ಬಂತು ಅವಳಿಗೆ. ಗೋಡೆ ಕಡೆ ತಿರುಗಿ ಮಲಗಿಬಿಟ್ಲು. ಏನಿತ್ತೋ ಅವಳ ಮನಸ್ಸಲ್ಲಿ. ಗೊತ್ತಾಗ್ಲೇ ಇಲ್ಲ ಮುಕುಂದಾ."

ಮುಕುಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಮದುವೆ ಪತ್ರಿಕೆಗೆ ಬಂದಿದ್ದವರು ಬಾಗಿಲಲ್ಲಿ ಇಣುಕಿ, ಆಮೇಲೆ ಬರುತ್ತೇವೆಂದು ಹೋದರು. ಸುಬ್ಬರಾಯಪ್ಪನವರು ದುಪ್ಪಟಿಯನ್ನು ಮಡಿಸಿದರು, ಬಿಚ್ಚಿ ಮತ್ತೆ ಮಡಿಸಿದರು.

"ಸರಿ ಆಯ್ತಲ್ಲ ಈಗ? ಹಂಗಾದ್ರೆ ಅದನ್ನ ತೆಗಿಯಪ್ಪ, ಬರ್ದ್ಬಿಡ್ತೀನಿ. ಬರೀದೆ ಹೋದ್ರೆ ಬೈಯೋಳು ಅವಳು."

ಮುಕುಂದ ಮುಚ್ಚಿದ್ದ ಪ್ರಶ್ನೆಯನ್ನು ತೆರೆದ. ಒಂದು ಗುಂಡಿ ಒತ್ತಿದರೆ ಮುಗಿಯುವ ಕೆಲಸ. ತನ್ನ ಕುರ್ಚಿಯಲ್ಲಿ ಅವರನ್ನು ಕೂರಿಸಿ ಪಕ್ಕದಲ್ಲಿ ನಿಂತ. ಸುಬ್ಬರಾಯಪ್ಪನವರು ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಎಡಗೈಯ ಒಂದೇ ಬೆರಳಲ್ಲಿ ಕೀಲಿ ಹುಡುಕಿ ಹುಡುಕಿ ಒತ್ತಿದರು. ಸರಿಪೋಯಿಂದಿ. ಕನ್ನಡದ ಅಕ್ಷರಗಳು ದುಂಡಗೆ ಬಂದವು.

ಕಳಿಸಿಯಾಯಿತು. ಶ್ರೀನಿವಾಸಪುರದ ಬಸ್ಸಿಗೆ ಹೊತ್ತಾಗಿತ್ತು. ಅದು ಇಬ್ಬರಿಗೂ ಗೊತ್ತಿದ್ದರೂ ಇಬ್ಬರೂ ಏಳಲಿಲ್ಲ. ಆ ಮಾತಿನ ಕೆಳಗಿನ ಬಿಳಿ ಜಾಗವನ್ನು ನೋಡುತ್ತ, ಯಾರಾದರೂ ಊಟ ಆಯ್ತಾ ಎಂದು ಕೇಳುತ್ತಾರೇನೋ ಎಂದು ಕಾಯುತ್ತಿದ್ದರು.