ಹುಣಸೆ ಬಿಡಿಸದ ಹುಡುಗ

ಅಪ್ಪಣ್ಣ ಮೇಷ್ಟ್ರು ತನ್ನ ಮನೆಯ ಮೆಟ್ಟಿಲು ಹತ್ತುತ್ತಿದ್ದುದನ್ನು ಕಂಡೂ ಶಾಂತಾಬಾಯಿ ಎದ್ದು ನಿಲ್ಲಲಿಲ್ಲ. ಕೈಯಲ್ಲಿದ್ದ ಹುಣಸೆಹಣ್ಣನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಕುಟ್ಟಿದಳು. ಬೀಜ ಸಿಡಿದು ಅವರ ಕಾಲ ಬಳಿ ಬಿತ್ತು. ಆ ಮನುಷ್ಯ ಈ ಮೆಟ್ಟಿಲು ಹಿಂದೆ ಹತ್ತಿದ್ದು ಒಂದೇ ಸಲ. ಯುದ್ಧ ಶುರುವಾದ ಮರುವರ್ಷ ಅದು. ಅವತ್ತು ಅವರ ಬೆನ್ನ ಹಿಂದೆ ಪೊಲೀಸರಿದ್ದರು.

ಅವಳ ಗಂಡ ಬದರೀನಾಥ ಬೆಂಗಳೂರಿನ ದಂಡು ಪ್ರದೇಶದಲ್ಲಿ ಒಂದು ಜರ್ಮನ್ ಔಷಧಿ ಕಂಪನಿಯ ಆಫೀಸಿನಲ್ಲಿ ಕೆಲಸಕ್ಕಿದ್ದು ಭಾಷೆ ಕಲಿತವನು. ಆ ಕೆಲಸ ಬಿಟ್ಟು ಹೊಸೂರಿನ ಸ್ಕೂಲಿಗೆ ಮೇಷ್ಟ್ರಾಗಿ ಬಂದ ಮೇಲೆ, ಆಸೆಪಟ್ಟ ಹುಡುಗರಿಗೆ ಸಂಜೆ ಹೊತ್ತು ಜರ್ಮನ್ ಹೇಳಿಕೊಡುತ್ತಿದ್ದ. ಹೆಡ್‌ಮಾಸ್ಟರ್ ಕೆಲಸ ಅವನಿಗೇ ಆಗುತ್ತದೆಂದು ಎಲ್ಲರೂ ಅಂದುಕೊಂಡಿದ್ದಾಗ, ಅದೇ ಕೆಲಸದ ಮೇಲೆ ಕಣ್ಣಿಟ್ಟಿದ್ದ ಅಪ್ಪಣ್ಣ ಪೊಲೀಸರಿಗೆ ಅರ್ಜಿ ಕೊಟ್ಟರು. ಈತ ಶತ್ರುವಿನ ಭಾಷೆ ಕಲಿಸುತ್ತಾನೆ, ಹಿಟ್ಲರನ ಕಡೆಯವನು ಅಂತ. ಅರ್ಜಿ ಕೊಟ್ಟದ್ದು ಸಾಲದೆ ಜೊತೆಗೆ ಬಂದು ಬಾಗಿಲು ತೋರಿಸಿದರು. ವೇಲೂರು ಜೈಲಿನಿಂದ ಬದರೀನಾಥ ವಾಪಸು ಬಂದಾಗ ಮೈಯಲ್ಲಿ ಕೆಮ್ಮು ಬಿಟ್ಟರೆ ಇನ್ನೇನೂ ಉಳಿದಿರಲಿಲ್ಲ. ಆ ಚಳಿಗಾಲ ದಾಟಲಿಲ್ಲ.

ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಊರು ಮರೆತಿತ್ತು, ಅಷ್ಟೆ. ಈಗ ಸ್ವಾತಂತ್ರ್ಯ ಬಂದು, ಅಪ್ಪಣ್ಣ ಖಾದಿ ಉಟ್ಟು, ಮೇಷ್ಟ್ರಗಿರಿ ಬಿಟ್ಟು ಭತ್ತದ ಮಂಡಿ ಇಟ್ಟು, ಸ್ಕೂಲಿನ ಕಮಿಟಿಗೂ ಅಧ್ಯಕ್ಷರಾಗಿ ಬಾವುಟ ಹಾರಿಸುತ್ತಿದ್ದರು.

"ತಾಯೀ, ಚೆನ್ನಾಗಿದ್ದೀರಾ?" ಎಂದು ಅವರು ಜಗುಲಿಯ ಅಂಚಿನಲ್ಲಿ ಕೂತರು. "ಸ್ವಿಟ್ಜರ್ಲೆಂಡಿನ ಒಂದು ಯಂತ್ರದ ಕಂಪನಿಯೋರು ಬೆಂಗಳೂರಿಗೆ ಬರ್ತಾರಂತೆ. ಹುಡುಗರನ್ನ ಆರಿಸಿ ಅವರ ದೇಶಕ್ಕೇ ಕರ್ಕೊಂಡು ಹೋಗಿ ಕೆಲಸ ಕಲಿಸ್ತಾರಂತೆ. ಜರ್ಮನ್ ಬಂದೋರಿಗೆ ಮೊದಲ ಮಣೆ. ನೀವು ಒಂದಿಬ್ರಿಗೆ ಹೇಳ್ಕೊಡ್ತಾ ಇದ್ದೀರಿ ಅಂತ ಕೇಳ್ದೆ. ನಮ್ಮ ನರಹರೀನೂ ಸೇರಿಸ್ಕೊಳ್ಳಿ. ಫೀಸು ನೀವು ಹೇಳಿದಷ್ಟು."

"ಶತ್ರುಗಳ ಭಾಷೆಯಲ್ಲವೇ ಅದು?"

ಅಪ್ಪಣ್ಣ ನಕ್ಕುಬಿಟ್ಟರು. ನಾಚಿಕೆಯಿಂದಲ್ಲ, ಮಕ್ಕಳ ಮಾತಿಗೆ ದೊಡ್ಡವರು ನಗುವ ಹಾಗೆ. "ಅಯ್ಯೋ, ಆಗಿನ ಕಾಲ ಹಂಗಿತ್ತು ತಾಯೀ. ಆಗಿಂದು ಆಗ್ಲೇ ಹೋಯ್ತು. ಅದನ್ನೆಲ್ಲ ಮನಸ್ಸಲ್ಲಿ ಇಟ್ಕೊಂಡ್ರೆ ಬದುಕೋಕಾಗುತ್ತಾ?"

ಶಾಂತಾಬಾಯಿ ಇನ್ನೊಂದು ಹುಣಸೆಹಣ್ಣನ್ನು ಕಲ್ಲಿನ ಮೇಲಿಟ್ಟಳು. ಕ್ಷಮೆ ಕೇಳಿದ್ದರೆ ಹೋಗಲಿ ಅನ್ನುತ್ತಿದ್ದಳೋ ಏನೋ. ಈತ ಮರೆತೇಬಿಟ್ಟಿದ್ದಾನೆ! ಮರೆತವನಿಗೆ ಮರೆವಿನಿಂದಲೇ ಬಡಿಯಬೇಕು ಎಂದು ಆಗಲೇ ಅವಳಿಗೆ ಹೊಳೆಯಿತು.

"ಕಳಿಸಿ," ಎಂದಳು.

ಅವಳಿಗೆ ಜರ್ಮನ್ ಬಂದದ್ದು ಅಡುಗೆಮನೆಯಲ್ಲಿ. ಬದರೀನಾಥ ಮಾರನೆಯ ದಿನ ಹುಡುಗರಿಗೆ ಆಡಿಸಬೇಕಾದ ಆಟವನ್ನು ಹಿಂದಿನ ದಿನವೇ ಹೆಂಡತಿಯ ಮೇಲೆ ಪರೀಕ್ಷೆ ಮಾಡುತ್ತಿದ್ದ. ಅವಳು ರೊಟ್ಟಿ ತಟ್ಟುತ್ತಿದ್ದರೆ ಇವನು ಗಿರಾಕಿಯಾಗಿ ನಿಂತು ರೊಟ್ಟಿಯ ಬೆಲೆ ಕೇಳುವನು. ಅವಳು ಜರ್ಮನ್‌ನಲ್ಲೇ ಜಗಳವಾಡಿ ಬೆಲೆ ಏರಿಸಬೇಕು. ಬಟ್ಟೆಯ ಚೆಂಡು ಎಸೆಯುವನು. ಹಿಡಿದವರು ಉತ್ತರ ಹೇಳಿ, ಹೊಸ ಪ್ರಶ್ನೆ ಕಟ್ಟಿ ತಿರುಗಿ ಎಸೆಯಬೇಕು. ರಟ್ಟಿನ ಚೀಟಿಗಳ ಮೇಲೆ ಇಬ್ಬರೂ ಸೇರಿ ಚಿತ್ರ ಬರೆದಿದ್ದರು. ಆಟವಾದ ಮೇಲೆ ಅವನು ತಪ್ಪದೆ ಹೇಳುತ್ತಿದ್ದ: "ಆಟ ಆಡಿಸೋದು ಸುಲಭ ಶಾಂತಾ. ಹೊಸ ಮಾತು ಮೊದಲ ಸಲ ನೆಂಟನ ಹಾಗೆ ಬರುತ್ತೆ. ಮಾರನೇ ದಿನ ಅದನ್ನೇ ಕರೆದು ಊಟಕ್ಕಿಡಬೇಕು. ವಾರಕ್ಕೊಂದು ಸಲ, ಅಮಾವಾಸ್ಯೆಗೆ ಇನ್ನೊಂದು ಸಲ. ಆಗ ಅದು ಮನೆಯವನೇ ಆಗ್ಬಿಡುತ್ತೆ. ಕರೀದಿದ್ರೆ ಎದ್ದು ಹೋಗುತ್ತೆ, ಹೇಳದೇ ಕೇಳದೇ."

ಸಂಕ್ರಾಂತಿ ಕಳೆದ ಮೇಲೆ ಜಗುಲಿಯಲ್ಲಿ ಪಾಠ ಶುರುವಾಯಿತು. ಬಂದ ಹುಡುಗರಲ್ಲಿ ಫೀಸು ಕೊಡುತ್ತಿದ್ದವನು ನರಹರಿ ಒಬ್ಬನೇ. ಉಳಿದವರದು ಬೇರೆ ಏರ್ಪಾಡು. ಕೃಷ್ಣಗಿರಿಯ ವ್ಯಾಪಾರಿಯೊಬ್ಬ ಶಾಂತಾಬಾಯಿಗೆ ಮೂಟೆಗಟ್ಟಲೆ ಹುಣಸೆಹಣ್ಣು ಕಳಿಸುತ್ತಿದ್ದ. ಬೀಜ ಬಿಡಿಸಿ ಕೊಡುವುದೇ ಅವಳ ಜೀವನ. ಫೀಸು ಕೊಡಲಾರದ ಹುಡುಗರು ಪಾಠ ಮುಗಿದ ಮೇಲೆ ಹಿತ್ತಲಿನಲ್ಲಿ ಕೂತು ಹುಣಸೆ ಕುಟ್ಟಬೇಕು. ಸಾನಮಾವಿನ ರೈತರ ಹುಡುಗ ಮುನಿಕೃಷ್ಣಪ್ಪ, ಬಾಗಲೂರಿನ ಬಚ್ಚಪ್ಪ, ಇವರೆಲ್ಲ ಹಾಗೆ ಕೂರುವವರು.

ಆಟವೆಲ್ಲ ಜಗುಲಿಯಲ್ಲಿ; ನೆಂಟರಿಗೆ ಊಟವೆಲ್ಲ ಹಿತ್ತಲಿನಲ್ಲಿ. ಕೈಗೆ ಕೆಲಸ, ಬಾಯಿಗೆ ಬಿಡುವು. ಒಬ್ಬೊಬ್ಬ ಒಂದೊಂದು ಹಣ್ಣು ಕುಟ್ಟಿದಾಗಲೂ ಶಾಂತಾಬಾಯಿ ಹಳೆಯ ಮಾತೊಂದನ್ನು ಕೇಳುವಳು. ನಿನ್ನೆಯದು, ಹೋದ ವಾರದ್ದು, ಮೊಟ್ಟಮೊದಲ ದಿನದ್ದು. ತಪ್ಪಿದವನ ರಾಶಿಗೆ ಪಕ್ಕದವನು ತಾನು ಕುಟ್ಟಬೇಕಾದ ಹಣ್ಣಿನಿಂದ ಒಂದು ಹಿಡಿ ಸುರಿಯಬಹುದು. ಹಾಗಾಗಿ ಯಾರೂ ತಪ್ಪಲು ಒಪ್ಪುತ್ತಿರಲಿಲ್ಲ.

"ಲೇ ಬಚ್ಚಪ್ಪ, ಮತ್ತೆ ಸುರೀತೀನಿ ನೋಡ್ಲಾ! ಅಮ್ಮಾ, ಇವ್ನು 'ಅಡುಗೆಮನೆ' ಮರ್ತ್‌ಬುಟ್ಟವ್ನೆ!"

"ಮರ್ತಿಲ್ಲ ಕಣ್ಲಾ, ನಾಲಿಗೆ ಮೇಲೇ ಐತೆ!"

"ನಾಲಿಗೆ ಮೇಲಿರೋದು ಹುಣ್ಸೆಹಣ್ಣು ಕಣ್ಲಾ, ಉಗಿಯೋ!"

ನರಹರಿಗೆ ಈ ಹಿತ್ತಲಿನ ಪಾಠ ಗೊತ್ತೇ ಇರಲಿಲ್ಲ. ಅವನು ಹದಿನಾರರ ಹುಡುಗ, ಚುರುಕು, ನಗೆಮುಖದವನು. ಜಗುಲಿಯ ಆಟಗಳಲ್ಲಿ ಅವನೇ ಮುಂದು. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು, ಗೆಳೆಯರು ಜರ್ಮನ್‌ನಲ್ಲಿ ಎಡ, ಬಲ ಎಂದು ಕೂಗಿದಂತೆ ಕೊಡಗಳ ನಡುವೆ ಒಂದನ್ನೂ ಉರುಳಿಸದೆ ನಡೆದುಬಿಡುವನು. ವೈದ್ಯರ ಆಟದಲ್ಲಿ ಹೊಟ್ಟೆನೋವು ನಟಿಸಿ ಎಲ್ಲರನ್ನೂ ನಗಿಸುವನು. ಅಪ್ಪಣ್ಣ ದಾರಿಯಲ್ಲಿ ಹೋಗುವಾಗ ನಿಂತು ನೋಡಿ, ಮಗನ ಬಾಯಿಂದ ಪರದೇಶದ ಮಾತು ಪುಂಖಾನುಪುಂಖವಾಗಿ ಬರುವುದನ್ನು ಕೇಳಿ ಮೀಸೆ ತಿರುವಿಕೊಂಡು ಹೋಗುವರು.

ಶಾಂತಾಬಾಯಿ ಜಗುಲಿಯಲ್ಲಿ ಕೆಲವು ದಿನಕ್ಕೊಂದು ಹೊಸ ಲೋಕ ತೆರೆಯುತ್ತಿದ್ದಳು. ಮನೆ, ಸಂತೆ, ಆಸ್ಪತ್ರೆ, ರೈಲ್ವೆ ಸ್ಟೇಷನ್ನು. ಒಂದು ಮುಗಿದರೆ ಅದರ ಚೀಟಿಗಳನ್ನು ಪೆಟ್ಟಿಗೆಗೆ ಹಾಕಿ ಬೀಗ. ಹೊಸ ಆಟದೊಳಗೆ ಹಳೆಯ ಮಾತು ಕಾಲಿಡದಂತೆ ನೋಡಿಕೊಂಡಳು. ಬರೆದುಕೊಳ್ಳುವುದು ಬೇಡ, ಬಾಯಿಂದಲೇ ಬರಬೇಕು ಎಂದಳು. ಅವಳು ಕಲಿಸಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ಯಾವ ದೊಡ್ಡ ಮನುಷ್ಯ ಬಂದು ಕೂತು ನೋಡಿದರೂ ಕೊರತೆ ಕಾಣುತ್ತಿರಲಿಲ್ಲ. ಸೋರುವ ಬಿಂದಿಗೆಗೆ ದಿನಾ ತುಂಬಾ ನೀರು ಹೊಯ್ಯುತ್ತಿದ್ದಳು, ಅಷ್ಟೆ.

ಫಾಲ್ಗುಣದ ಒಂದು ಸಂಜೆ ನರಹರಿ ಮನೆಗೆ ಹೋಗದೆ ಹಿತ್ತಲಿಗೆ ಬಂದ.

"ಅಮ್ಮಾ, ನಾನೂ ಸ್ವಲ್ಪ ಹೊತ್ತು ಕೂತ್ಕೊಳ್ಲಾ? ನಿನ್ನೆ ಮುನಿಕೃಷ್ಣಪ್ಪ ದಾರೀಲಿ ಸಂತೆ ಆಟದ್ದು ಏನೋ ಕೇಳ್ದ. ನಂಗೆ ಹೊಳೀಲೇ ಇಲ್ಲ. ಇವರಿಗೆಲ್ಲ ಹ್ಯಾಗೆ ನೆನಪಿರುತ್ತೆ?"

ಅವಳು ಉತ್ತರ ಕೊಡುವ ಮೊದಲೇ ಮುನಿಕೃಷ್ಣಪ್ಪ ಜಾಗ ಬಿಟ್ಟ. "ಬಾರ್ಲಾ, ಕೂತ್ಕೋ. ಆದ್ರೆ ಕೈಗೆ ಹುಳಿ ಅಂಟಿದ್ರೆ ನಿಮ್ಮಪ್ಪ ಪೊಲೀಸ್ ಕರೀತಾನೆ ಕಣ್ಲಾ!"

ಹುಡುಗರು ನಕ್ಕರು. ಶಾಂತಾಬಾಯಿ ನಗಲಿಲ್ಲ. ನರಹರಿ ಸುತ್ತಿಗೆ ಹಿಡಿದು ಎರಡು ಹಣ್ಣು ಕುಟ್ಟಿದ್ದನೋ ಇಲ್ಲವೋ, ಮಗನನ್ನು ಹುಡುಕಿಕೊಂಡು ಬಂದ ಅಪ್ಪಣ್ಣ ಹಿತ್ತಲ ಬಾಗಿಲಲ್ಲಿ ನಿಂತಿದ್ದರು.

"ಏನೋ ಇದು? ಫೀಸು ಕೊಟ್ಟು ಕಳಿಸಿರೋದು ಕೂಲಿ ಮಾಡೋಕಾ? ಏಳೋ ಮೇಲೆ!"

"ಅಲ್ಲಪ್ಪಾ, ಇಲ್ಲಿ..."

"ಏಳೋ ಅಂದ್ರೆ! ತಾಯೀ, ಇವನು ನಿಮ್ಮ ಹತ್ರ ಪಾಠಕ್ಕೆ ಬರೋನು. ಪಾಠ ಆಯ್ತು ಅಂದ್ರೆ ಮನೆಗೆ ಕಳಿಸಿ. ಈ ಹಳ್ಳಿ ಹುಡುಗರ ಸಾಲಲ್ಲಿ ಕೂರಿಸ್ಬೇಡಿ."

"ಪಾಠ ಇರುವುದು ಇಲ್ಲೇ" ಎಂಬ ಒಂದು ಮಾತು ಸಾಕಿತ್ತು. ಆ ಮಾತು ಶಾಂತಾಬಾಯಿಯ ಗಂಟಲಿನವರೆಗೆ ಬಂತು. ಜೈಲಿನಿಂದ ಬಂದ ಗಂಡ ಜಗುಲಿಯ ಕಂಬ ಹಿಡಿದು ಕೆಮ್ಮುತ್ತಿದ್ದದ್ದೂ ಅದರ ಜೊತೆಗೇ ಬಂತು. ಅವಳು ಮಾತನ್ನು ನುಂಗಿದಳು.

"ನೀವು ಹೇಳಿದ ಹಾಗೇ ಆಗಲಿ," ಎಂದಳು.

ಅವರು ಹೋದ ಮೇಲೆ ಮಗಳು ಆದಿಲಕ್ಷ್ಮಿ, ಹನ್ನೊಂದು ವರ್ಷದವಳು, ಒಳಗಿನಿಂದ ಬಂದು ಕೇಳಿದಳು. "ಅಮ್ಮಾ, ಹಳೇದು ಕೇಳೋದು ಇಲ್ಲೇ ಅಂತ ಅವರಿಗೆ ಯಾಕೆ ಹೇಳ್ಲಿಲ್ಲ?"

"ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಹೋಗು, ಒಲೆ ನೋಡು."

ಅಪ್ಪಣ್ಣನೇ ತನ್ನ ಕೈಯಾರೆ ಮಗನನ್ನು ಎಳೆದುಕೊಂಡು ಹೋದದ್ದು ನೆನೆದಾಗಲೆಲ್ಲ ಅವಳಿಗೆ ಮೈಯ ದಣಿವು ಇಳಿದಂತಾಗುತ್ತಿತ್ತು. ಮುಂದೆ ಬೇಸಗೆಯುದ್ದಕ್ಕೂ ಅವಳು ನರಹರಿಗೆ ಇನ್ನೂ ಮುತುವರ್ಜಿಯಿಂದ ಹೊಸ ಹೊಸ ಆಟ ಆಡಿಸಿದಳು.

ಜೂನ್ ತಿಂಗಳಲ್ಲಿ ಹುಡುಗರೆಲ್ಲ ಬೆಂಗಳೂರಿಗೆ ಹೋಗಿ ಬಂದರು. ಮುನಿಕೃಷ್ಣಪ್ಪ ಬಸ್ಸಿಳಿದವನು ಮನೆಗೂ ಹೋಗದೆ ಓಡಿಬಂದು ಅವಳ ಕಾಲಿಗೆ ಬಿದ್ದ. ಅವನೂ ಬಚ್ಚಪ್ಪನೂ ಆಯ್ಕೆಯಾಗಿದ್ದರು.

"ನರಹರಿ?"

ಮುನಿಕೃಷ್ಣಪ್ಪನ ಮುಖ ಇಳಿಯಿತು. "ಅದೇ ಗೊತ್ತಾಗ್ಲಿಲ್ಲ ಕಣಮ್ಮ. ಆ ದೊರೆ ರೈಲಿನ್ ವಿಚಾರ ಕೇಳ್ದಾಗ ನಮ್ಗಿಂತ ಚೆಂದಾಗ್ ಮಾತಾಡ್ದ. ಆಮೇಲೆ, ನಿಮ್ಮನೇಲಿ ಯಾರ್ಯಾರವ್ರೆ, ನಿಮ್ಮಪ್ಪ ಏನ್ ಮಾಡ್ತಾರೆ ಅಂತ ಕೇಳುದ್ರು. ನಮ್ ಮೊದಲ್ನೇ ಪಾಠ! ಬಾಯಿ ತೆಕ್ಕೊಂಡು ನಿಂತ್‌ಬುಟ್ಟ. ಬೆವರ್ತಾ ಇದ್ದ. ದೊರೆ ಇಂಗ್ಲಿಷ್‌ನಾಗೆ ಏನೋ ಅಂದ್ರು, ಎಲ್ರೂ ನಕ್ರು."

ನಿಮ್ಮಪ್ಪ ಏನು ಮಾಡುತ್ತಾರೆ! ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಅವಳೇ ಕೂತು ಹುಡುಕಿದ್ದರೂ ಸಿಗುತ್ತಿರಲಿಲ್ಲ. ಆ ದಿನ ಶಾಂತಾಬಾಯಿ ಪಾಯಸ ಮಾಡಿ, ಎರಡು ಸಲ ಬಡಿಸಿಕೊಂಡು ಉಂಡಳು.

ಆ ಸುಖ ಹೆಚ್ಚು ದಿನ ಉಳಿಯಲಿಲ್ಲ. ಒಂದು ಬೆಳಗ್ಗೆ ಅಪ್ಪಣ್ಣ ಮತ್ತೆ ಬಂದರು. ಆಳಿನ ತಲೆಯ ಮೇಲೆ ಮಾವಿನಹಣ್ಣಿನ ಬುಟ್ಟಿ.

"ನಮ್ಮ ತೋಟದ್ದು ತಾಯೀ, ಇಟ್ಕೊಳ್ಳಿ. ನೀವು ಪಾಪ ತುಂಬಾ ಕಷ್ಟಪಟ್ರಿ. ಆ ಹಳ್ಳಿ ಹುಡುಗರನ್ನೇ ದಡ ಮುಟ್ಟಿಸಿದ್ದೀರಿ ಅಂದ್ಮೇಲೆ ನಿಮ್ಮದು ತಪ್ಪಿಲ್ಲ. ನಮ್ಮನೇದೇ ಮಂಕು. ಇಷ್ಟು ದಿನ ಗೊತ್ತಾಗಿರ್ಲಿಲ್ಲ, ಈಗ ಗೊತ್ತಾಯ್ತು. ಓದು ಬಿಡಿಸಿ ಮಂಡೀಲಿ ಮೂಟೆ ಹೊಲಿಯೋಕೆ ಕೂರಿಸಿದ್ದೀನಿ. ಇರೋ ಬುದ್ಧಿಗೆ ಅದೇ ಸರಿ." ಕೈಮುಗಿದು, ಬಿಸಿಲು ಏರುವ ಮುಂಚೆ ಎಂದು ಹೊರಟುಹೋದರು. ಹಾಯಾಗಿಯೇ ಇದ್ದರು. ಹೊಟ್ಟೆ ಒಂದಿಂಚೂ ಕರಗಿರಲಿಲ್ಲ.

ಶಾಂತಾಬಾಯಿ ಬುಟ್ಟಿಯ ಮುಂದೆ ಕೂತಳು. ತಾನು ಇಷ್ಟು ತಿಂಗಳು ಹೆಣೆದ ಹಗ್ಗ ಬಿದ್ದದ್ದು ಯಾರ ಕುತ್ತಿಗೆಗೆ? ಅಪ್ಪಣ್ಣನಿಗೆ ಏಟು ಬಿದ್ದದ್ದೇ ಗೊತ್ತಿಲ್ಲ. ಮೇಲಾಗಿ ಹಣ್ಣು ಕೊಟ್ಟು ಹೋಗಿದ್ದಾನೆ. ಬಾಯಿ ಮುಚ್ಚಿಕೊಂಡಿದ್ದರೆ ಅವಳ ಪಾಠಕ್ಕೆ ಊರಲ್ಲಿ ಒಳ್ಳೆಯ ಹೆಸರು, ಮಗಳ ಮದುವೆಯವರೆಗೂ ಅನ್ನಕ್ಕೆ ಕೊರತೆಯಿಲ್ಲ. ಹೇಳಿದರೆ ಇನ್ನು ಯಾವ ತಂದೆ ಅವಳ ಜಗುಲಿಗೆ ಮಗುವನ್ನು ಕಳಿಸಿಯಾನು?

"ಅಮ್ಮಾ, ಒಂದು ಹಣ್ಣು ತಗೊಳ್ಲಾ?" ಎಂದಳು ಆದಿಲಕ್ಷ್ಮಿ.

"ಮುಟ್ಟಬೇಡ," ಎಂದು ಶಾಂತಾಬಾಯಿ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಎದ್ದಳು.

ಮಂಡಿಯಲ್ಲಿ ಗಿರಾಕಿಗಳಿದ್ದರು, ಕಮಿಟಿಯವರಿದ್ದರು. ಮೂಲೆಯಲ್ಲಿ ನರಹರಿ ದಬ್ಬಳ ಹಿಡಿದು ಗೋಣಿ ಹೊಲಿಯುತ್ತ ಕೂತಿದ್ದ. ಅವಳನ್ನು ಕಂಡು ತಲೆ ತಗ್ಗಿಸಿದ. ಅವಳು ಬುಟ್ಟಿಯನ್ನು ತಕ್ಕಡಿಯ ಪಕ್ಕದಲ್ಲಿಟ್ಟಳು.

"ಏನ್ ತಾಯೀ, ಹಣ್ಣು ಹುಳೀನಾ?"

"ಹಣ್ಣು ಚೆನ್ನಾಗೇ ಇದೆ. ನಿಮ್ಮ ಮಗನೂ ಚೆನ್ನಾಗೇ ಇದ್ದಾನೆ. ಅವನು ಮಂಕಲ್ಲ. ಬಂದ ಹುಡುಗರಲ್ಲೆಲ್ಲ ಅವನೇ ಚುರುಕು. ಹಳೇ ಪಾಠವನ್ನು ನಾನು ಉಳಿದವರಿಗೆ ದಿನಾ ತಿರುಗಿ ತಿರುಗಿ ಹೇಳಿಸ್ತಿದ್ದೆ, ಹುಣಸೆ ಬಿಡಿಸೋ ಹೊತ್ತಲ್ಲಿ. ಇವನಿಗೆ ಒಂದು ದಿನವೂ ಹೇಳಿಸಲಿಲ್ಲ. ಮರೀಲಿ ಅಂತಲೇ ಹೇಳಿಸಲಿಲ್ಲ. ತಾನಾಗಿ ಬಂದು ಕೂತ. ನೀವೇ ಎಬ್ಬಿಸಿಕೊಂಡು ಹೋದಿರಿ."

ತಕ್ಕಡಿ ಹಿಡಿದಿದ್ದವನ ಕೈ ನಿಂತಿತು. ಅಪ್ಪಣ್ಣನ ಮುಖದಲ್ಲಿ ನಗು ಇನ್ನೂ ಇತ್ತು. ಹೋಗುವ ದಾರಿ ತಿಳಿಯದೆ ಅಲ್ಲೇ ನಿಂತಂತಿತ್ತು. "ಏನ್ ಮಾತಾಡ್ತಿದ್ದೀರಿ ನೀವು? ಎಲ್ಲಾ ಜನದ ಮುಂದೆ..."

"ಜನದ ಮುಂದೇ ಹೇಳಬೇಕು ಅಂತಲೇ ಬಂದೆ. ಯಾಕೆ ಹಾಗೆ ಮಾಡಿದೆ ಅಂತ ಕೇಳಿ."

ಅಪ್ಪಣ್ಣ ಕೇಳಲಿಲ್ಲ. ಕಮಿಟಿಯವರಲ್ಲಿ ವಯಸ್ಸಾದವರೊಬ್ಬರು ಕಣ್ಣು ಕೆಳಗೆ ಹಾಕಿದರು. ಊರು ಮರೆತಿರಲಿಲ್ಲ ಎಂದು ಅವಳಿಗೆ ಆಗ ಗೊತ್ತಾಯಿತು. ಇವರು ಇಷ್ಟು ವರ್ಷವೂ ನೆನಪಿಟ್ಟುಕೊಂಡೇ ಸುಮ್ಮನಿದ್ದರು.

"ಯಾಕೆ?" ಎಂದು ಕೇಳಿದವನು ನರಹರಿ. ಗೋಣಿ ಬಿಟ್ಟು ಎದ್ದು ನಿಂತಿದ್ದ. "ನಾನೇನ್ ಮಾಡಿದ್ದೆ ನಿಮಗೆ?"

"ನೀನೇನೂ ಮಾಡಿರಲಿಲ್ಲ," ಎಂದಳು ಶಾಂತಾಬಾಯಿ. "ನಿಮ್ಮಪ್ಪನ್ನ ಕೇಳು. ಹೆಡ್‌ಮಾಸ್ಟರ್ ಆಗಬೇಕಿದ್ದ ನನ್ನ ಗಂಡನ ಮನೆ ಬಾಗಿಲನ್ನ ಪೊಲೀಸರಿಗೆ ತೋರಿಸಿದ್ದು ಯಾರು ಅಂತ ನಿಮ್ಮಪ್ಪನ್ನೇ ಕೇಳು. ಅವರು ಜೈಲಿಂದ ಹೇಗೆ ಬಂದರು, ಎಷ್ಟು ದಿನ ಇದ್ದರು ಅಂತಲೂ ಕೇಳು."

ಹುಡುಗ ಅವಳನ್ನು ನೋಡಿದ. ಆ ನೋಟದಲ್ಲಿ ಅವಳಿಗೆ ಕ್ಷಮೆಯೂ ಇರಲಿಲ್ಲ, ಮರ್ಯಾದೆಯೂ ಇರಲಿಲ್ಲ. ಈ ಜನ್ಮದಲ್ಲಿ ಅವನಿನ್ನು ತನ್ನ ಹೊಸಿಲು ತುಳಿಯುವುದಿಲ್ಲವೆಂದು ಅವಳಿಗೆ ತಿಳಿಯಿತು. ಆಮೇಲೆ ಅವನು ಅದೇ ಕಣ್ಣುಗಳನ್ನು ನಿಧಾನವಾಗಿ ತಂದೆಯ ಕಡೆಗೆ ತಿರುಗಿಸಿದ.

"ಹೌದಾ ಅಪ್ಪಾ?"

ಶಾಂತಾಬಾಯಿ ಸೆರಗು ಹೊದ್ದು ಮೆಟ್ಟಿಲಿಳಿದಳು. ಹಿಂದಿನಿಂದ ಆ ಹುಡುಗನ ಧ್ವನಿಯೇ ಮತ್ತೊಮ್ಮೆ ಬಂತು, ಮೊದಲಿಗಿಂತ ಗಟ್ಟಿಯಾಗಿ: "ಹೇಳಿ ಅಪ್ಪಾ. ಹೌದಾ?"

ಮನೆಯಲ್ಲಿ ಮೂಟೆ ಹುಣಸೆ ಕಾದಿತ್ತು, ನಾಳೆಯಿಂದ ಬಿಡಿಸುವವರು ಯಾರೂ ಬರುವುದಿಲ್ಲ. ಆದರೂ ಅವಳು ಬೇಗ ಹೆಜ್ಜೆ ಹಾಕಲಿಲ್ಲ. ಇನ್ನೊಂದು ಸಲ ಅವನು ಕೇಳುವುದು ಕಿವಿಗೆ ಬೀಳಲಿ ಎಂದು, ರಸ್ತೆಯ ಅಂಚಿನಲ್ಲಿ ನಿಧಾನವಾಗಿ, ಆದಷ್ಟು ನಿಧಾನವಾಗಿ ನಡೆದಳು.